16 ಜನಕ್ಕೆ 7 ಕ್ಲಾಸ್: ಡರ್ಟ್ ಓವಲ್ ಓಟ ಇಷ್ಟು ಹೋಳಾದದ್ದು ಹೇಗೆ

ಕೋಲಾರ, ಮಾಲೂರು, ಚಿಂತಾಮಣಿ ಕಡೆಯ 16 ಜನ ಒಂದು ಭಾನುವಾರ ಬೆಳಿಗ್ಗೆ ಮಣ್ಣಿನ ಓವಲ್ ಟ್ರ್ಯಾಕ್ ಪಕ್ಕ ತಮ್ಮ ರಿಮೋಟ್ ಕಾರುಗಳನ್ನು ಹರಡಿಕೊಂಡು ಕೂತಿದ್ದಾರೆ ಎಂದುಕೊಳ್ಳಿ. ನಾಲ್ವರದು 1/14 ಅಳತೆಯ (ನಿಜವಾದ ಕಾರಿನ ಹದಿನಾಲ್ಕನೇ ಒಂದು ಭಾಗದ) ಚೀನಾ ಬಗ್ಗಿ, ಅಂದರೆ ಮಣ್ಣಿನಲ್ಲಿ ಓಡುವ ಹಗುರ ಕಾರು. ಮೂವರದು ಡಬ್ಬಿಯಿಂದ ತೆಗೆದ ಹಾಗೇ ಇರುವ, ಟ್ರ್ಯಾಕ್ಸಾಸ್ ಕಂಪನಿಯ ಸ್ಲ್ಯಾಶ್ ಟ್ರಕ್. ಇನ್ನಿಬ್ಬರು ಅದೇ ಸ್ಲ್ಯಾಶ್‌ಗೆ ಬ್ರಷ್‌ಲೆಸ್ ಮೋಟಾರು ಕೂರಿಸಿದ್ದಾರೆ. 1/10 ಬಗ್ಗಿಗೆ 17.5 ಟರ್ನ್ ಮೋಟಾರು ಹಾಕಿದವರು ಇಬ್ಬರು, ಅದಕ್ಕಿಂತ ವೇಗದ 13.5 ಹಾಕಿದವರು ಇಬ್ಬರು, ತಲೆಯ ಮೇಲೆ ರೆಕ್ಕೆ ಹೊತ್ತ ಸ್ಪ್ರಿಂಟ್ ಕಾರಿನವರು ಇಬ್ಬರು. ಕೊನೆಯವರ ಬಳಿ ನಾಲ್ಕೂ ಚಕ್ರ ಎಳೆಯುವ 1/10 ಬಗ್ಗಿ. ಬಂದವರನ್ನು ಸುಮ್ಮನೆ ವಾಪಸ್ ಕಳಿಸಲು ಯಾರಿಗೂ ಮನಸ್ಸಿಲ್ಲ, ಹಾಗಾಗಿ ಒಂದೊಂದು ಬಗೆಗೂ ಬೇರೆ ಓಟ ಎಂದು ಪಟ್ಟಿಯಲ್ಲಿ 7 ಕ್ಲಾಸ್ ಆಗುತ್ತವೆ. ನಾಲ್ಕು ಕ್ಲಾಸಿನಲ್ಲಿ ಎರಡೆರಡೇ ಕಾರು, ಒಂದರಲ್ಲಿ ಒಂದೇ.

ಈ ಕಗ್ಗಂಟು ನಮ್ಮಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಮಣ್ಣಿನ ಓವಲ್‌ಗಳಲ್ಲಿ ಹಲವು ದಶಕಗಳಿಂದ ಒಂದೊಂದೇ ಎಳೆ ಸೇರಿ ಆದದ್ದನ್ನು ನಾವು ಕಾರಿನ ಜತೆಗೆ ಹಾಗೇ ತರಿಸಿಕೊಂಡಿದ್ದೇವೆ.

ಅಲ್ಲಿ ಈ ಓಟಗಳಿಗೆ ನಿಯಮ ಬರೆಯುವ ರೋರ್ ಸಂಸ್ಥೆ 1967ರಲ್ಲಿ ಹುಟ್ಟಿತು, 1979ರಲ್ಲಿ ತಮಿಯಾ ಮಣ್ಣಿನಲ್ಲಿ ಓಡುವ ಬಗ್ಗಿಗಳನ್ನು ಅಂಗಡಿಗೆ ತಂದಿತು, 1984ರಲ್ಲಿ ಟೀಮ್ ಅಸೋಸಿಯೇಟೆಡ್‌ನ ಆರ್‌ಸಿ10 ಬಂದ ಮೇಲೆ ಮಣ್ಣಿನ ಓಟ ಬೇರೂರಿತು. ಓವಲ್‌ನವರು ಅದೇ ಬಗ್ಗಿಯ ಬ್ಯಾಟರಿಯನ್ನು ಎಡಕ್ಕೆ ಸರಿಸಿ, ಬಲಗಡೆಯ ಹಿಂದಿನ ಟೈರನ್ನು ಕೊಂಚ ದೊಡ್ಡದು ಮಾಡಿ, ಎಡಕ್ಕಷ್ಟೇ ತಿರುಗುವ ಕಾರು ಮಾಡಿಕೊಂಡರು. ಮೇಲೆ ಹೊದಿಸಿದ್ದು ನಿಜವಾದ ಮಣ್ಣಿನ ಟ್ರ್ಯಾಕ್‌ಗಳಲ್ಲಿ ಓಡುವ ಕಾರುಗಳ ಬಾಡಿ: ಲೇಟ್ ಮಾಡೆಲ್, ಮಾಡಿಫೈಡ್, ಸ್ಪ್ರಿಂಟ್, ಸ್ಟ್ರೀಟ್ ಸ್ಟಾಕ್. ದೊಡ್ಡ ಕಾರಿನ ಲೋಕದಲ್ಲಿ ಇವೆಲ್ಲ ಬೇರೆ ಬೇರೆ ಯಂತ್ರಗಳು. ಪುಟ್ಟ ಕಾರಿನಲ್ಲಿ ಎಷ್ಟೋ ಸಲ ಒಂದೇ ಚಾಸಿಗೆ ಬೇರೆ ಬೇರೆ ಪ್ಲಾಸ್ಟಿಕ್ ಹೊದಿಕೆ. ಆದರೂ ಹೊದಿಕೆಗೊಂದು ಕ್ಲಾಸ್ ಎಂಬ ರೂಢಿ ಅಲ್ಲಿಂದ ನಿಂತುಬಿಟ್ಟಿತು.

ರಿಮೋಟಿನ ಚಾನಲನ್ನು ಒಂದು ಕ್ರಿಸ್ಟಲ್ ತುಂಡು ಗೊತ್ತುಮಾಡುತ್ತಿದ್ದ ರೇಡಿಯೋ ಇದ್ದಷ್ಟು ಕಾಲ ಒಂದು ಕಡಿವಾಣ ಇತ್ತು. ಅಮೆರಿಕದಲ್ಲಿ 27 ಮೆಗಾಹರ್ಟ್ಸ್‌ನಲ್ಲಿ 6 ಚಾನಲ್, 75ರಲ್ಲಿ ನೆಲದ ಮೇಲಿನ ವಾಹನಗಳಿಗೆ 30. ಒಂದೇ ಚಾನಲಿನ ಇಬ್ಬರು ಒಟ್ಟಿಗೆ ರಿಮೋಟ್ ಆನ್ ಮಾಡಿದರೆ ಎರಡೂ ಕಾರು ಗೋಡೆಗೆ ಹೊಡೆಯುತ್ತಿದ್ದವು. ಅದಕ್ಕೇ ಓಟ ನಡೆಸುವವರು ಕ್ರಿಸ್ಟಲ್ ನೋಡಿ ಗುಂಪು ಜೋಡಿಸಬೇಕಿತ್ತು, ಹೊಸ ಕ್ಲಾಸ್ ಸೇರಿಸುವ ಮುಂಚೆ ಎರಡು ಸಲ ಯೋಚಿಸುತ್ತಿದ್ದರು. ಒಂದರ ಸಂಕೇತ ಇನ್ನೊಂದಕ್ಕೆ ಅಡ್ಡ ಬರದ 2.4 ಗಿಗಾಹರ್ಟ್ಸ್ ರೇಡಿಯೋ ಆ ಅಡ್ಡಿಯನ್ನು ತೆಗೆದುಹಾಕಿತು. ಭಾರತದಲ್ಲೂ ಆ ಬ್ಯಾಂಡ್ 2005ರಿಂದ ಪರವಾನಗಿ ಮುಕ್ತ.

ಕಗ್ಗಂಟಿನ ನಡುಭಾಗ ಇರುವುದು ಮೋಟಾರಿನಲ್ಲಿ. ಟರ್ನ್ ಅಂದರೆ ಮೋಟಾರಿನೊಳಗೆ ತಾಮ್ರದ ತಂತಿ ಎಷ್ಟು ಸುತ್ತು ಸುತ್ತಿದೆ ಎಂಬ ಲೆಕ್ಕ. ಸುತ್ತು ಕಡಿಮೆಯಾದಷ್ಟೂ ತಂತಿ ದಪ್ಪ, ಎಳೆಯುವ ಕರೆಂಟ್ ಹೆಚ್ಚು, ವೇಗ ಹೆಚ್ಚು. ಬ್ರಷ್ ಮೋಟಾರಿನ ಕಾಲದಲ್ಲಿ 27 ಟರ್ನ್‌ನದು ಸ್ಟಾಕ್ ಕ್ಲಾಸ್, 19 ಟರ್ನ್ ಅದರ ಮೇಲಿನದು, ಉಳಿದದ್ದು ಮಾಡ್, ಅಂದರೆ ಸುತ್ತಿಗೆ ಮಿತಿಯಿಲ್ಲದ ಕ್ಲಾಸ್. ಹೇಳುವುದಕ್ಕೆ ಸ್ಟಾಕ್ ಬಡವರ ಕ್ಲಾಸ್. ಆದರೆ ಕಾರ್ಬನ್ ಬ್ರಷ್ ಸವೆಯುತ್ತದೆ, ಅದು ಉಜ್ಜುವ ತಾಮ್ರದ ಕಮ್ಯುಟೇಟರ್ ಮೇಲೆ ಕಪ್ಪು ಗೀರು ಬೀಳುತ್ತದೆ. ಅದನ್ನು ಪುಟ್ಟ ಲೇತ್‌ಗೆ ಕೂರಿಸಿ ಕೂದಲೆಳೆಯಷ್ಟು ಹೆರೆದು ಹೊಸ ಬ್ರಷ್ ಹಾಕಿದರೆ ಮೋಟಾರಿಗೆ ಮತ್ತೆ ಜೀವ ಬರುತ್ತದೆ. ಲೇತ್ ಇದ್ದವರು ಪ್ರತಿ ಓಟಕ್ಕೂ ಹೊಸ ಮೋಟಾರು ಇದ್ದಂತೆ ಓಡಿಸುತ್ತಿದ್ದರು, ಇಲ್ಲದವರು ಮಧ್ಯಾಹ್ನದ ಹೊತ್ತಿಗೆ ಹಿಂದೆ ಬೀಳುತ್ತಿದ್ದರು.

ಬ್ರಷ್‌ಲೆಸ್ ಮೋಟಾರು ಇದಕ್ಕೆಲ್ಲ ಕೊನೆ ಹಾಡುತ್ತದೆ ಎಂದು ಎಲ್ಲರೂ ನಂಬಿದ್ದರು. ನಂಬಿಕೆಗೆ ಆಧಾರವೂ ಇತ್ತು: ಸವೆಯುವ ಬ್ರಷ್ಶೇ ಇಲ್ಲ. ಹಳೆಯ 27ಕ್ಕೆ ಸಮ ಎಂದು 17.5, ಹಳೆಯ 19ಕ್ಕೆ ಸಮ ಎಂದು 13.5 ಗೊತ್ತುಮಾಡಿದರು. ಆದರೆ ಹಳೆಯ ಮೋಟಾರು ಇದ್ದವರನ್ನು ಒಂದೇ ದಿನದಲ್ಲಿ ಹೊರಗೆ ಹಾಕುವುದು ಹೇಗೆ? ಕೆಲವು ಕಾಲ ಎರಡೂ ಇರಲಿ ಎಂದರು. ಹೊಸ ಕ್ಲಾಸ್ ಬಂತು, ಹಳೆಯದು ಹೋಗಲಿಲ್ಲ. ಸುಮಾರು ಅದೇ ಹೊತ್ತಿಗೆ ಬ್ಯಾಟರಿಯೂ ಬದಲಾಯಿತು. 6 ಸೆಲ್ಲಿನ ನಿಕ್ಕಲ್ ಪ್ಯಾಕ್ 7.2 ವೋಲ್ಟ್, ತೂಕ 400 ಗ್ರಾಮಿನ ಆಸುಪಾಸು. ಎರಡು ಸೆಲ್ಲಿನ ಲೈಪೊ (ಲಿಥಿಯಂ ಪಾಲಿಮರ್) 7.4 ವೋಲ್ಟ್, ತೂಕ 300ರ ಆಸುಪಾಸು, ಮೇಲಾಗಿ ಓಟದ ಕೊನೆಯ ನಿಮಿಷದವರೆಗೂ ಕುಗ್ಗದ ಕಸುವು. ಲೈಪೊದವರು ಸೀಸದ ತುಂಡು ಅಂಟಿಸಿ ತೂಕ ಸರಿಮಾಡಿಕೊಳ್ಳಲಿ ಎಂದವರಿದ್ದರು, ಬೇರೆ ಕ್ಲಾಸ್ ಮಾಡಿ ಎಂದವರೂ ಇದ್ದರು.

2009ರ ಆಸುಪಾಸಿಗೆ ಮೂರನೆಯ ಗಂಟು ಬಿತ್ತು. ವೇಗ ಏರಿದಂತೆ ಮೋಟಾರಿನ ಟೈಮಿಂಗನ್ನು, ಅಂದರೆ ಸುರುಳಿಗೆ ಕರೆಂಟ್ ಹರಿಸುವ ಗಳಿಗೆಯನ್ನು, ತಾನಾಗಿಯೇ ಮುಂದಕ್ಕೆ ತಳ್ಳುವ ಬೂಸ್ಟ್ ಎಂಬ ಸಾಫ್ಟ್‌ವೇರ್ ಸ್ಪೀಡ್ ಕಂಟ್ರೋಲರಿನೊಳಗೆ ಬಂತು. 17.5 ಎಂಬ ಚೀಟಿ ಅಂಟಿದ್ದ ಮೋಟಾರು ಮಾಡ್ ಮೋಟಾರಿನ ಹತ್ತಿರ ಹತ್ತಿರ ಓಡತೊಡಗಿತು, ಅಷ್ಟೇ ಬಿಸಿಯಾಗಿ ಸುಡತೊಡಗಿತು. ಇದಕ್ಕೆ ಸಿಕ್ಕ ಪರಿಹಾರ ಬ್ಲಿಂಕಿ: ಕಂಟ್ರೋಲರಿನ ಟೈಮಿಂಗ್ ಸೊನ್ನೆಗಿಟ್ಟರೆ ಅದರ ಎಲ್‌ಇಡಿ ಮಿನುಗುತ್ತದೆ, ಪರೀಕ್ಷೆ ಮಾಡುವವರು ಅದನ್ನು ನೋಡಿ ಬಿಡುತ್ತಾರೆ. ಒಳ್ಳೆಯ ಪರಿಹಾರವೇ, ಇವತ್ತಿಗೂ ಅದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ಆದರೆ ದುಬಾರಿ ಕಂಟ್ರೋಲರ್ ಕೊಂಡಿದ್ದವರಿಗೂ ಜಾಗ ಬೇಕಲ್ಲ! ಬೂಸ್ಟ್ ಇರುವ 17.5 ಒಂದು ಕ್ಲಾಸ್, ಬ್ಲಿಂಕಿ 17.5 ಇನ್ನೊಂದು. ಇದನ್ನು ಬಾಡಿಯ ಜತೆ ಗುಣಿಸಿ ನೋಡಿ. ಲೇಟ್ ಮಾಡೆಲ್ 17.5, ಲೇಟ್ ಮಾಡೆಲ್ 13.5, ಸ್ಪ್ರಿಂಟ್ 17.5, ಸ್ಪ್ರಿಂಟ್ 13.5. ಒಂದೊಂದು ವಿಂಗಡಣೆಗೂ ನ್ಯಾಯವಾದ ಕಾರಣ ಇತ್ತು, ಒಟ್ಟು ಲೆಕ್ಕವನ್ನು ಮಾತ್ರ ಯಾರೂ ಕೂತು ಹಾಕಲಿಲ್ಲ.

2008ರಲ್ಲಿ ಸ್ಲ್ಯಾಶ್ ಬಂದಾಗ ಇದೆಲ್ಲ ಸರಳವಾಗುವ ಅವಕಾಶ ಇತ್ತು. 550 ಗಾತ್ರದ ಟೈಟನ್ ಬ್ರಷ್ ಮೋಟಾರು, ಡಬ್ಬಿಯಲ್ಲೇ ಬರುವ ಟೈರು, ಬಿದ್ದರೂ ಒಡೆಯದ ಬಂಪರು. ಡಬ್ಬಿಯಲ್ಲಿ ಬಂದದ್ದನ್ನೇ ಓಡಿಸಿ, ಶಾಕ್ ಎಣ್ಣೆ ಮತ್ತು ಪಿನಿಯನ್ (ಮೋಟಾರಿನ ಪುಟ್ಟ ಗೇರು) ಬಿಟ್ಟು ಏನೂ ಬದಲಿಸಬೇಡಿ ಎಂಬ ನಿಯಮ ಅರ್ಧ ಪುಟದಲ್ಲಿ ಮುಗಿಯುತ್ತಿತ್ತು, ಹೊಸಬರು ಗುಂಪುಗುಂಪಾಗಿ ಬಂದರು. ತೊಂದರೆ ಏನೆಂದರೆ ಸ್ಲ್ಯಾಶ್ ಎತ್ತರದ ಕಾರು. ಮಣ್ಣು ಗಟ್ಟಿಯಾಗಿ ಟೈರು ಹಿಡಿಯತೊಡಗಿದ ಕೂಡಲೇ ತಿರುವಿನಲ್ಲಿ ಪಲ್ಟಿ. ಶಾಕ್‌ನೊಳಗೆ ಸಣ್ಣ ಕೊಳವೆ ತುಂಡು ಹಾಕಿ ಕಾರನ್ನು ತಗ್ಗಿಸಲು ಬಿಡಿ ಎಂದರು, ಬಿಟ್ಟರು. ಆಮೇಲೆ ಟೈರು, ಆಮೇಲೆ ಬ್ರಷ್‌ಲೆಸ್, ಆಮೇಲೆ ಸ್ಲ್ಯಾಶ್ ಚಾಸಿಗೆ ಲೇಟ್ ಮಾಡೆಲ್ ಬಾಡಿ. ಸರಳತೆಗೆಂದು ಹುಟ್ಟಿದ ಒಂದು ಕ್ಲಾಸ್ ಮೂರಾಯಿತು.

ಅಮೆರಿಕದ ಎಷ್ಟೋ ಕ್ಲಬ್‌ಗಳಲ್ಲಿ 3 ಕಾರು ಬಂದರೆ ಒಂದು ಕ್ಲಾಸ್ ಎಂಬ ಲೆಕ್ಕವಿದೆ. ಇಬ್ಬರಿದ್ದರೆ ಮೂರನೆಯವರನ್ನು ಒಪ್ಪಿಸಿ ಕರೆತರುವುದು ಕಷ್ಟವೇನಲ್ಲ. ಜತೆಗೆ ಎರಡನೇ ಕ್ಲಾಸಿಗೆ ಪ್ರವೇಶ ಶುಲ್ಕ ಕಡಿಮೆ ಇರುವುದರಿಂದ ಅವೇ ಮುಖಗಳು ಎರಡು ಮೂರು ಕಡೆ ಓಡುತ್ತವೆ. ಪಟ್ಟಿಯಲ್ಲಿ 40 ಕಾರು, ನಿಂತು ಎಣಿಸಿದರೆ 22 ಜನ, ಹೀಗೂ ಆಗುತ್ತದೆ.

ಈ ರೂಢಿ ನಮ್ಮ ಬಯಲಿಗೆ ಬಂದಾಗ ಮೊದಲು ಎದುರಾಗುವುದು ಬಿಸಿಲು. 7ಕ್ಕೆ ನೀರು ಹೊಡೆದು ಶುರುಮಾಡಿದರೆ 11 ಗಂಟೆಗೆ ಮಣ್ಣು ಒಣಗಿ ಧೂಳು ಏಳುತ್ತದೆ. ಧೂಳು ಬೇರಿಂಗ್‌ಗೂ ಕಣ್ಣಿಗೂ ಹೊಕ್ಕು, ಎದುರಿನ ತಿರುವಿನಲ್ಲಿ ಯಾವ ಕಾರು ಯಾರದು ಎಂದು ಗೊತ್ತಾಗುವುದಿಲ್ಲ. ಕೈಯಲ್ಲಿರುವುದು 240 ನಿಮಿಷ. ಅಭ್ಯಾಸಕ್ಕೆ 30, ಮೂರು ಸಲ ನೀರು ಹೊಡೆಯಲು 30 ಕಳೆಯಿರಿ. ಉಳಿದದ್ದು 180.

ಒಂದು ಹೀಟ್, ಅಂದರೆ ಮೇನ್‌ಗೆ ಮುಂಚಿನ ಅರ್ಹತಾ ಓಟ, 5 ನಿಮಿಷ, ಕಾರು ಇಳಿಸಿ ಮುಂದಿನವರನ್ನು ಹತ್ತಿಸಲು 3 ನಿಮಿಷ, ಒಟ್ಟು 8. ಕೊನೆಯ ಮೇನ್ ಓಟ 7 ನಿಮಿಷ, ಬದಲಾವಣೆ ಸೇರಿ 10. ಏಳು ಕ್ಲಾಸ್ ಇಟ್ಟರೆ ಎರಡು ಸುತ್ತು ಹೀಟಿಗೆ 112, ಮೇನ್‌ಗೆ 70, ಒಟ್ಟು 182. ಅಲ್ಲಿಗೆ ಹೊತ್ತು ಮುಗಿಯಿತು. ಒಬ್ಬರು ಕಾರು ಓಡಿಸಿದ್ದು ಬರೀ 17 ನಿಮಿಷ. ಮೂರೇ ಕ್ಲಾಸ್ ಇಟ್ಟರೆ ಆರು ಸುತ್ತು ಹೀಟಿಗೆ 144, ಮೇನ್‌ಗೆ 30, ಒಟ್ಟು 174. ಒಬ್ಬರಿಗೆ 37 ನಿಮಿಷ. ಚಿಂತಾಮಣಿಯಿಂದ ಬೆಳಗಿನ ಜಾವ ಎದ್ದು ಬಂದವರಿಗೆ ಈ 20 ನಿಮಿಷದ ಅಂತರ ಸಣ್ಣದಲ್ಲ.

ಪಲ್ಟಿಯಾದ ಕಾರನ್ನು ಎತ್ತಿಡುವ ಮಾರ್ಷಲ್‌ಗಳ ಲೆಕ್ಕ ಇನ್ನೂ ಬಿಗಿ. ಹಿಂದಿನ ಹೀಟ್ ಓಡಿಸಿದವರೇ ಮುಂದಿನ ಹೀಟಿಗೆ ತಿರುವಿನಲ್ಲಿ ನಿಲ್ಲಬೇಕೆಂಬುದು ಎಲ್ಲೆಡೆಯ ಪದ್ಧತಿ. ಓವಲ್‌ಗೆ ನಾಲ್ಕು ತಿರುವು, ಕನಿಷ್ಠ ನಾಲ್ಕು ಜನ ಬೇಕು. ಇಬ್ಬರ ಕ್ಲಾಸ್ ಮುಗಿದ ಮೇಲೆ ನಿಲ್ಲಲು ಇಬ್ಬರೇ ಸಿಗುತ್ತಾರೆ. 30 ಮೀಟರ್ ಉದ್ದ, 15 ಮೀಟರ್ ಅಗಲದ ಟ್ರ್ಯಾಕಿನಲ್ಲಿ ಒಂದು ಸುತ್ತು ಹೆಚ್ಚುಕಡಿಮೆ 8 ಸೆಕೆಂಡ್. ಪಲ್ಟಿಯಾದ ಕಾರಿನ ಹತ್ತಿರ ಓಡಿ ಬರಲು ಮಾರ್ಷಲ್‌ಗೆ 12 ಸೆಕೆಂಡ್ ಹಿಡಿದರೆ ಒಂದೂವರೆ ಸುತ್ತು ಹೋಯಿತು, ಆ ಹೀಟಿನಲ್ಲಿ ಮತ್ತೆ ಮುಂದೆ ಬರುವುದು ಕನಸು. ಅವಸರಕ್ಕೆ ಕಾರನ್ನು ಎತ್ತಿ ಓಟದ ಗೆರೆಯ ಮೇಲೇ ಇಟ್ಟರೆ ಹಿಂದಿನಿಂದ ಬರುವ ಕಾರು ಗುದ್ದಿ ಮುಂದಿನ ಚಕ್ರ ಹಿಡಿದಿರುವ ಆರ್ಮ್ ಮುರಿಯುತ್ತದೆ. ಎತ್ತುವುದು, ಹಿಂದೆ ನೋಡುವುದು, ಒಳಬದಿಗೆ ಮೂಗು ಮುಂದಕ್ಕೆ ಮಾಡಿ ಇಡುವುದು, ಈ ಮೂರಕ್ಕೂ ತಾಳ್ಮೆ ಬೇಕು. ಇಬ್ಬರೇ ನಿಂತಾಗ ಆ ತಾಳ್ಮೆ ಇರುವುದಿಲ್ಲ.

ಮಣ್ಣನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬರೀ ಕೆಂಪು ಮಣ್ಣು ಬೇಗ ಪುಡಿಯಾಗುತ್ತದೆ. ಮಾಲೂರಿನ ಇಟ್ಟಿಗೆ ಗೂಡುಗಳಿಗೆ ಹೋಗುವಂಥ ಜೇಡಿ ಅಥವಾ ಕೆರೆಗೋಡು ಬೆರೆಸಿ, ತೇವ ಮಾಡಿ, ರೋಲರ್ ಎಳೆದರೆ ಹಿಡಿತ ಬರುತ್ತದೆ. (ಬೆಂಗಳೂರಿನಲ್ಲಿ ಶುದ್ಧೀಕರಿಸಿದ ಕೆ.ಸಿ. ವ್ಯಾಲಿ ನೀರು 2018ರಿಂದ ಕೆರೆಗಳಿಗೆ ಬರುತ್ತಿರುವುದರಿಂದ ಒಣಗಿದ ಕೆರೆಯಂಗಳವನ್ನೇ ನಂಬಿ ಟ್ರ್ಯಾಕ್ ಹಾಕುವ ಕಾಲ ಕೋಲಾರದಲ್ಲಿ ಹೋಯಿತು. ನೀರು ಬಂದದ್ದಕ್ಕೆ ಸಂತೋಷವೇ, ಟ್ರ್ಯಾಕಿಗೆ ಬೇರೆ ಜಾಗ ನೋಡಿದರಾಯಿತು.) ಒದ್ದೆ ಜೇಡಿಯ ಮೇಲೆ 2 ಕಿಲೋ ದಾಟುವ ಸ್ಲ್ಯಾಶ್ ಮೊದಲು ಓಡಿದರೆ ಟೈರಿನ ಗುಬಟುಗಳು ಹೆಂಟೆ ಕಿತ್ತು ಹಾಕುತ್ತವೆ. ಆಮೇಲೆ ಬರುವ ಹಗುರ ಕಾರುಗಳು ಆ ಗುಂಡಿಯಲ್ಲಿ ಹಾರುತ್ತವೆ. ಆದ್ದರಿಂದ ಪ್ರತಿ ಸುತ್ತಿನಲ್ಲೂ ಸ್ಲ್ಯಾಶ್ ಕೊನೆಗೆ, ನೀರು ಹೊಡೆಯುವುದಿದ್ದರೆ ಅದಾದ ಮೇಲೆ. ಕ್ಲಾಸ್ ಮೂರಿದ್ದರೆ ಈ ಕ್ರಮ ಉಳಿಯುತ್ತದೆ. ಏಳಿದ್ದರೆ ಎರಡೆರಡು ಕ್ಲಾಸಿನಲ್ಲಿ ಓಡುವವರ ಬಿಡುವು ಹೊಂದಿಸುವುದರಲ್ಲೇ ಕ್ರಮ ಕೆಡುತ್ತದೆ.

ಮೇಲಾಗಿ ದುಡ್ಡು. ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತ್ತು. ಇಡೀ ಕಾರನ್ನು ಆಟಿಕೆಯ ಲೆಕ್ಕದಲ್ಲಿ ತರಿಸಿದವರಿಗೆ ಆ ಬಿಸಿ ತಟ್ಟಿದೆ. ಹೀಗಿರುವಾಗ ಒಬ್ಬರ ಆರ್ಮ್ ಮುರಿದರೆ ಪಕ್ಕದವರ ಡಬ್ಬಿಯಲ್ಲಿ ಅದೇ ಆರ್ಮ್ ಸಿಗುವಂತಿರಬೇಕು. ಕಾರಿನ ಬಗೆ ಹೆಚ್ಚಿದಷ್ಟೂ ಅದು ಸಿಗುವುದಿಲ್ಲ: ಹಲ್ಲು ಸಣ್ಣದಾದ 48 ಪಿಚ್ ಪಿನಿಯನ್ ಹಲ್ಲು ದೊಡ್ಡದಾದ 32 ಪಿಚ್ ಸ್ಪರ್ ಗೇರಿಗೆ ಕೂರುವುದೇ ಇಲ್ಲ.

ಹಾಗಾದರೆ ಯಾವುದರ ಮೇಲೆ ವಿಂಗಡಿಸಬೇಕು? ನಮ್ಮ ಕಡೆಯ ದನಗಳ ಜಾತ್ರೆಗಳಲ್ಲಿ ಬಹುಮಾನಕ್ಕೆ ರಾಸುಗಳನ್ನು ಹಲ್ಲು ನೋಡಿ ಬೇರೆ ಮಾಡುತ್ತಾರೆ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ಹಲ್ಲನ್ನು ಯಜಮಾನ ತನ್ನಿಷ್ಟಕ್ಕೆ ಬದಲಿಸಲಾರ, ಅದಕ್ಕೇ ಆ ವಿಂಗಡಣೆ ನಿಂತಿದೆ. ಕಾರಿನಲ್ಲಿ ಹಾಗೆ ಬದಲಾಗದಿರುವುದು ಅಳತೆ ಮತ್ತು ತೂಕ. ಸುಮಾರು 1 ಕಿಲೋದ 1/14 ಬಗ್ಗಿಯನ್ನು ಸ್ಲ್ಯಾಶ್ ಜತೆ ಬಿಟ್ಟರೆ ಮೊದಲ ಗುದ್ದಿಗೇ ಬಗ್ಗಿ ಪೆಟ್ಟಿಗೆ ಸೇರುತ್ತದೆ, ಅವೆರಡೂ ಬೇರೆ ಇರಲೇಬೇಕು. ಮೋಟಾರು ಹಾಗಲ್ಲ. 540 ಗಾತ್ರದ ಮೋಟಾರು ನಿಂತಿರುವುದು ಎರಡು 3 ಎಂಎಂ ಸ್ಕ್ರೂ, ಮೂರು ವೈರು, ಒಂದು ಸೆನ್ಸರ್ ಕೇಬಲ್ ಮೇಲೆ. ಕಾಲು ಗಂಟೆಯ ಕೆಲಸ. 13.5 ತೆಗೆದು 17.5 ಹಾಕಿದವರು ಪಿನಿಯನ್ ಕೆಲವು ಹಲ್ಲು ದೊಡ್ಡದು ಮಾಡಬೇಕು, ಇಲ್ಲದಿದ್ದರೆ ಕಾರು ನೇರ ಹಾದಿಯಲ್ಲಿ ಕಿರುಚುತ್ತದೆ, ಓಡುವುದಿಲ್ಲ. ದೊಡ್ಡದು ಮಾಡುವಾಗಲೂ ಒಂದೊಂದೇ ಹಲ್ಲು ಏರಿಸಿ, ಪ್ರತಿ ಸಲ ಮೋಟಾರಿನ ಬಿಸಿ ನೋಡಬೇಕು.

ಈ ಲೆಕ್ಕದಲ್ಲಿ ಮೊದಲು ಹೇಳಿದ 16 ಜನ ಮೂರು ಗುಂಪಾಗುತ್ತಾರೆ. 1/14 ಬಗ್ಗಿ 4, ಡಬ್ಬಿಯ ಮೋಟಾರಿನಲ್ಲೇ. ಇವರು ಮೂರು ಬ್ಯಾಟರಿಯಾದರೂ ಇಟ್ಟುಕೊಳ್ಳಬೇಕು, ಪುಟ್ಟ ಪ್ಯಾಕ್ ಒಂದು ಹೀಟಿಗೇ ಬಳಲುತ್ತದೆ, ಸೆಲ್ 3 ವೋಲ್ಟಿಗಿಂತ ಕೆಳಗಿಳಿದರೆ ಕೆಡುತ್ತದೆ. ಸ್ಲ್ಯಾಶ್ 5, ಬ್ರಷ್‌ಲೆಸ್‌ನ ಇಬ್ಬರು ಒಟ್ಟಿಗೇ ಓಡಲಿ, ಅಂಕ ಬೇರೆ ಇರಲಿ. 1/10 ಬಗ್ಗಿ ಮತ್ತು ಸ್ಪ್ರಿಂಟ್ ಸೇರಿ 7, ಬಾಡಿ ಯಾವುದಾದರೂ ಸರಿ, ಮೋಟಾರು 17.5 ಬ್ಲಿಂಕಿ. ಸುತ್ತಿನ ಸಮಯದಲ್ಲಿ ಅರ್ಧ ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಒಟ್ಟಿಗೆ ಓಡಿಸಲು ಯಾವ ತೊಂದರೆಯೂ ಇಲ್ಲ.

ಇದರಲ್ಲಿ ನಷ್ಟವಾಗುವವರು ಇದ್ದಾರೆ. ನಾಲ್ಕು ಚಕ್ರ ಎಳೆಯುವ ಬಗ್ಗಿಯವರಿಗೆ ಜಾರುವ ಮಣ್ಣಿನಲ್ಲಿ ಹೆಚ್ಚು ಹಿಡಿತ ಸಿಗುವುದರಿಂದ ಅವರು ಸದ್ಯಕ್ಕೆ ಕೊನೆಯಿಂದ ಹೊರಟು ಅಂಕವಿಲ್ಲದೆ ಓಡಬೇಕು. 13.5ಕ್ಕೆ ದುಡ್ಡು ಹಾಕಿದವರಿಗೆ ಬೇಸರವಾಗುತ್ತದೆ. ಬೇಡಿಕೆ ನಿಜವಾಗಿಯೂ ಬೆಳೆದರೆ ಬಾಗಿಲು ತೆರೆದಿರಬೇಕು: ಸತತ ಮೂರು ತಿಂಗಳು ಬೇರೆ ಬೇರೆ ಐದು ಮಾಲೀಕರು ಒಂದೇ ಬಗೆಯ ಕಾರು ತಂದರೆ ಹೊಸ ಕ್ಲಾಸ್, ಸತತ ಮೂರು ತಿಂಗಳು ನಾಲ್ಕಕ್ಕಿಂತ ಕಡಿಮೆ ಬಂದ ಕ್ಲಾಸ್ ಪಕ್ಕದ್ದರೊಳಗೆ ವಿಲೀನ, ಇವೆರಡೂ ಒಂದೇ ದಿನ ಒಂದೇ ಹಾಳೆಯಲ್ಲಿ ಪ್ರಕಟ. ಎಣಿಸುವಾಗ ಕಾರನ್ನಲ್ಲ, ಮಾಲೀಕರನ್ನು ಎಣಿಸಬೇಕು. ಹೆಸರು ಬರೆಸುವ ಹಾಳೆಯಲ್ಲಿ ಕಾರಿನ ಕಾಲಮಿನ ಪಕ್ಕದಲ್ಲೇ ಇನ್ನೊಂದು ಕಾಲಮು ಇರಲಿ: ಯಾವ ಹೀಟಿಗೆ, ಯಾವ ತಿರುವಿನಲ್ಲಿ ಮಾರ್ಷಲ್ ಆಗಿ ನಿಲ್ಲುತ್ತೀರಿ. ಅದು ಖಾಲಿ ಇದ್ದರೆ ಎರಡನೇ ಕಾರಿನ ಹೆಸರು ಬರೆದುಕೊಳ್ಳಬಾರದು.