ಪಂಪ್ ಇಲ್ಲ ಅಂದರೆ ಕೆಡುವುದೇ ಇಲ್ಲವೇ?

2025ರ ಕೇಂದ್ರ ಬಜೆಟ್‌ನಲ್ಲಿ ಸಣ್ಣ ಮಾಡ್ಯುಲರ್ ರಿಯಾಕ್ಟರ್‌ಗಳ (ಎಸ್‌ಎಂಆರ್, ಅಂದರೆ ಸಣ್ಣ ಗಾತ್ರದ ಅಣುವಿದ್ಯುತ್ ಘಟಕಗಳ) ಯೋಜನೆಗೆ 20,000 ಕೋಟಿ ರೂಪಾಯಿ ಘೋಷಿಸಿದ ಮೇಲೆ, ಉಡುಪಿ ಮಂಗಳೂರಿನ ಕಡೆ ಎರಡು ಮಾತು ಕೇಳಿಬರುತ್ತಿವೆ. "ಸಣ್ಣದಾದರೂ ಅದು ಬಾಂಬೇ" ಎನ್ನುವುದು ಒಂದು. "ಅದರಲ್ಲಿ ಪಂಪೂ ಬೇಡ, ಕರೆಂಟೂ ಬೇಡ, ಕೆಡುವ ಮಾತೇ ಇಲ್ಲ" ಎನ್ನುವುದು ಇನ್ನೊಂದು. ಮೊದಲನೆಯದು ಸುಳ್ಳು. ವಿದ್ಯುತ್ ರಿಯಾಕ್ಟರಿನ ಇಂಧನ ಅಣುಬಾಂಬಿನಂತೆ ಸಿಡಿಯಲಾರದು. ನನಗೆ ಜಾಸ್ತಿ ಚಿಂತೆ ಎರಡನೆಯದರದ್ದು. ಓದಿದವರೂ ಅದನ್ನು ನಂಬುತ್ತಾರೆ.

ರಿಯಾಕ್ಟರ್ ಆಫ್ ಮಾಡಿದರೂ ಅದು ತಣ್ಣಗಾಗುವುದಿಲ್ಲ. ಕೈಗಾ ಅಣುಸ್ಥಾವರದ ಒಂದು ಘಟಕ 220 ಮೆಗಾವಾಟ್ ವಿದ್ಯುತ್ ಕೊಡಲು ಒಳಗೆ ಸುಮಾರು 750 ಮೆಗಾವಾಟ್ ಶಾಖ ಹುಟ್ಟಿಸುತ್ತದೆ. ನಿಲ್ಲಿಸಿದ ಕ್ಷಣದಲ್ಲೂ ಅದರ ನೂರಕ್ಕೆ ಆರರಷ್ಟು, ಅಂದರೆ 45 ಮೆಗಾವಾಟ್ ಉಳಿದಿರುತ್ತದೆ. ಮರುದಿನವೂ ಮೂರ್ನಾಲ್ಕು ಮೆಗಾವಾಟ್. ಈ ಶಾಖವನ್ನು ಹೊರಗೆ ಸಾಗಿಸಲೇಬೇಕು. ಕರೆಂಟ್ ಇಲ್ಲದೆ ಸಾಗಿಸುವುದೇ ಪ್ಯಾಸಿವ್ ಸುರಕ್ಷತೆ.

ಇದು ನಡೆಯುತ್ತದೆ ಎನ್ನುವುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿ ಇದೆ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಅಣುಸ್ಥಾವರದಲ್ಲಿ ಟರ್ಬೈನಿನ ಬ್ಲೇಡ್ ಮುರಿದು ಬೆಂಕಿ ಹತ್ತಿತು. ಕೇಬಲ್‌ಗಳು ಸುಟ್ಟವು. ಸುಮಾರು 17 ಗಂಟೆ ಸ್ಥಾವರಕ್ಕೆ ಕರೆಂಟ್ ಇರಲಿಲ್ಲ. ಆದರೂ ಇಂಧನ ಕರಗಲಿಲ್ಲ. ಇಂಧನದ ಶಾಖ ಹೊರುವ ಭಾರಜಲ ಬಿಸಿಯಾಗಿ ತಾನಾಗಿಯೇ ಮೇಲೇರಿ, ತಣಿದು, ಕೆಳಗಿಳಿದು ಸುತ್ತುತ್ತಲೇ ಇತ್ತು. ಹಾಗಂತ ಸಿಬ್ಬಂದಿ ಕೈಕಟ್ಟಿ ಕೂತಿರಲಿಲ್ಲ. ಬೆಂಕಿ ಆರಿಸುವ ಡೀಸೆಲ್ ಪಂಪ್ ಹಚ್ಚಿ ಆ ಭಾರಜಲದ ಶಾಖ ಹೀರಿಕೊಳ್ಳುವ ಸ್ಟೀಮ್ ಜನರೇಟರ್‌ಗಳಿಗೆ ನೀರು ಊಡಿದರು. ಸುತ್ತಾಟ ತಾನಾಗಿ ನಡೆಯಿತು, ಅದನ್ನು ಉಳಿಸಿದ್ದು ಆ ಜನ.

ಈ ಸುತ್ತಾಟ ಎಷ್ಟು ನಾಜೂಕು ಎಂದು ನೋಡಬೇಕಾದರೆ ನಿಮ್ಮ ತಾರಸಿ ಹತ್ತಿ. ಪಂಪ್ ಇಲ್ಲದ ಸೋಲಾರ್ ವಾಟರ್ ಹೀಟರ್‌ನಲ್ಲೂ ನಡೆಯುವುದು ಇದೇ. ಟ್ಯಾಂಕ್ ಮೇಲೆ, ಪ್ಯಾನೆಲ್ ಕೆಳಗೆ. 60 ಡಿಗ್ರಿ ನೀರು 30 ಡಿಗ್ರಿ ನೀರಿಗಿಂತ ನೂರಕ್ಕೆ ಒಂದೂಕಾಲು ಪಾಲಿನಷ್ಟು ಹಗುರ, ಅಷ್ಟೇ. ಒಂದು ಮೀಟರ್ ಎತ್ತರದಲ್ಲಿ ಅದು ಕೊಡುವ ನೂಕುಬಲ ಒಂದೂಕಾಲು ಸೆಂಟಿಮೀಟರ್ ನೀರಿನ ತೂಕದಷ್ಟು ಮಾತ್ರ. ಸಾಧಾರಣ ಬಾವಿ ಪಂಪ್ ಹತ್ತಾರು ಮೀಟರ್ ನೂಕುತ್ತದೆ. ಅದಕ್ಕೇ ಬಿಸಿನೀರಿನ ಪೈಪ್ ನಡುವೆ ಒಂಚೂರು ಜೋತುಬಿದ್ದು ಗಾಳಿ ಸೇರಿಕೊಂಡರೆ ಸಾಕು, ಹರಿವು ನಿಂತುಬಿಡುತ್ತದೆ. ಪ್ಲಂಬರ್ ಬಂದು "ಏರ್ ಲಾಕ್ ಆಗಿದೆ" ಎನ್ನುತ್ತಾರೆ. ಪೈಪ್ ಒಡೆದಿಲ್ಲ, ಪ್ಯಾನೆಲ್ ಹಾಳಾಗಿಲ್ಲ, ಬಿಸಿಲಿಗೂ ಕೊರತೆಯಿಲ್ಲ. ನೀರು ಮಾತ್ರ ತಣ್ಣಗೇ ಇರುತ್ತದೆ.

ರಿಯಾಕ್ಟರಿನಲ್ಲೂ ಹೀಗಾಗಬಹುದು. ಹಬೆಯನ್ನು ತಣಿಸುವ ಕೊಳವೆಗಳಲ್ಲಿ ಹೈಡ್ರೋಜನ್‌ನಂಥ, ನೀರಾಗದ ಅನಿಲ ಸೇರಿಕೊಂಡರೆ ಹಬೆಗೆ ಜಾಗವೇ ಸಿಗುವುದಿಲ್ಲ. ಒಂದು ಬಿಡಿಭಾಗವೂ ಕೆಡದೆ ಕೆಲಸ ಕೆಡುತ್ತದೆ. ಇದರ ಲೆಕ್ಕ ಹಾಕುವುದೇ ಕಷ್ಟ. ಪಂಪ್ ಎಷ್ಟು ಸಲ ಕೈಕೊಟ್ಟಿದೆ ಎಂದು ದಶಕಗಳ ದಾಖಲೆ ನೋಡಿ ಹೇಳಬಹುದು. ನೀರು ತಾನಾಗಿ ಸುತ್ತದೇ ಹೋಗುವುದು ಎಷ್ಟು ಸಲ ಎಂಬುದಕ್ಕೆ ಅಂಥ ದಾಖಲೆ ಇಲ್ಲ. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದವರು ಇದಕ್ಕೆಂದೇ 'ಎಪಿಎಸ್‌ಆರ್‌ಎ' ಎಂಬ ವಿಧಾನ ರೂಪಿಸಿದ್ದಾರೆ. ಒತ್ತಡ, ಉಷ್ಣತೆ, ನೀರಿನ ಮಟ್ಟ ಎಲ್ಲಿಯವರೆಗೆ ಹೆಚ್ಚುಕಮ್ಮಿಯಾದರೆ ಹರಿವು ಸೋಲುತ್ತದೆ ಎಂದು ಮೊದಲು ಗೆರೆ ಎಳೆಯುತ್ತಾರೆ. ಆಮೇಲೆ ಯಾವ ವಾಲ್ವ್, ಯಾವ ಉಪಕರಣ ಕೆಟ್ಟರೆ ಆ ಗೆರೆ ದಾಟುತ್ತದೆ ಎಂದು ಹುಡುಕುತ್ತಾರೆ.

ವಾಲ್ವ್ ಎಂದಾಗ ಜಪಾನಿನ ಫುಕುಶಿಮಾ ಅಣುಸ್ಥಾವರ ನೆನಪಾಗುತ್ತದೆ. ಅಲ್ಲಿನ 1ನೇ ಘಟಕದಲ್ಲಿ ಪಂಪ್ ಇಲ್ಲದೆ ತಣಿಸುವ ಐಸೊಲೇಷನ್ ಕಂಡೆನ್ಸರ್ ಇತ್ತು! 2011ರ ಮಾರ್ಚ್ 11ರಂದು ಸುನಾಮಿ ನುಗ್ಗಿ ಬ್ಯಾಟರಿ ಕರೆಂಟೂ ಹೋಯಿತು. ಕರೆಂಟ್ ಹೋದದ್ದನ್ನು ನಿಯಂತ್ರಣ ವ್ಯವಸ್ಥೆ ಪೈಪ್ ಒಡೆದ ಸೂಚನೆ ಎಂದುಕೊಂಡು, ಕಂಡೆನ್ಸರಿನ ವಾಲ್ವ್ ಮುಚ್ಚಲು ಆದೇಶ ಕೊಟ್ಟಿತು. ಸ್ಥಾವರದ ತುರ್ತು ಕೇಂದ್ರದಲ್ಲಿದ್ದವರು ಕಂಡೆನ್ಸರ್ ನಡೆಯುತ್ತಿದೆ ಎಂದೇ ಗಂಟೆಗಟ್ಟಲೆ ನಂಬಿದ್ದರು. ಅಷ್ಟರಲ್ಲಿ ಇಂಧನ ಕರಗಿತ್ತು.

ಎಸ್‌ಎಂಆರ್ ಸಣ್ಣದು, ಉಳಿಯುವ ಶಾಖವೂ ಕಡಿಮೆ. ಇದು ನಿಜವಾದ ಲಾಭ. ಆದರೆ ಹೊಸ ವಿನ್ಯಾಸಕ್ಕೆ ಹೊಸ ತೊಡಕೂ ಇರುತ್ತದೆ. ಅಮೆರಿಕದ ನುಸ್ಕೇಲ್ ರಿಯಾಕ್ಟರನ್ನು 2020ರಲ್ಲಿ ಪರಿಶೀಲಿಸುವಾಗ ಅಂಥದ್ದೊಂದು ಸಿಕ್ಕಿತು. ಅಣುಕ್ರಿಯೆ ಹತೋಟಿಯಲ್ಲಿಡಲು ಅದರ ನೀರಿಗೆ ಬೋರಾನ್ ಬೆರೆಸಿರುತ್ತಾರೆ. ನೀರು ಕುದಿದು ಹಬೆಯಾದಾಗ ಬೋರಾನ್ ಹಿಂದೆಯೇ ಉಳಿಯುತ್ತದೆ. ಹಬೆ ತಣಿದು ಬಂದ ಬೋರಾನ್ ಇಲ್ಲದ ನೀರು ಒಂದು ಕಡೆ ನಿಂತು, ಒಮ್ಮೆಲೇ ಇಂಧನದತ್ತ ನುಗ್ಗಿದರೆ ಕ್ರಿಯೆ ಮತ್ತೆ ಶುರುವಾಗಬಹುದು. ಒಳಗಿನ ದೊಡ್ಡ ಕೊಳವೆಗೆ ತೂತುಗಳನ್ನು ಸೇರಿಸಿ, ನೀರು ಬೆರೆಯುವಂತೆ ವಿನ್ಯಾಸ ಬದಲಿಸಿದರು.

2033ರೊಳಗೆ ಕನಿಷ್ಠ ಐದು ದೇಶೀ ಎಸ್‌ಎಂಆರ್ ಓಡಿಸುವುದು ನಮ್ಮ ಸರ್ಕಾರದ ಗುರಿ. ಅವುಗಳ ಬಗ್ಗೆ ನಾನು ಕೇಳುವುದು ಇಷ್ಟು: ಕರೆಂಟ್ ಹೋದಾಗ ಯಾವ ವಾಲ್ವ್ ತೆರೆದಿರುತ್ತದೆ, ಯಾವುದು ಮುಚ್ಚಿಕೊಳ್ಳುತ್ತದೆ? ಹರಿವು ಸೋಲುವ ಸಂಭವ ಎಷ್ಟು? ಅದನ್ನು ಪೂರ್ತಿ ಎತ್ತರದ ಮಾದರಿಯಲ್ಲಿ ಪರೀಕ್ಷಿಸಿದ್ದೀರಾ, ಬರೀ ಕಂಪ್ಯೂಟರಿನಲ್ಲಾ?