ಜಗಲಿಯ ಕಿವಿ ಮತ್ತು ಗುರುವಾರದ ನಂಬರು

ಶಿರಸಿ ಸೀಮೆಯ ಅಡಿಕೆ ಸುಲಿಯುವ ಕಾಲಕ್ಕೂ ಬಿಗ್ ಬಾಸ್ ಕಾಲಕ್ಕೂ ಈಚೆಗೆ ಒಳ್ಳೆ ಹೊಂದಾಣಿಕೆ. ಎರಡೂ ದೀಪಾವಳಿ ಆಸುಪಾಸಿನಲ್ಲಿ ಕಾವೇರುತ್ತವೆ, ಸಂಕ್ರಾಂತಿ ದಾಟುವಾಗ ಮುಗಿಯುತ್ತಾ ಬರುತ್ತವೆ. ರಾತ್ರಿ ಊಟ ಆದ ಮೇಲೆ ನಮ್ಮ ಮನೆ ಜಗಲಿಯಲ್ಲಿ ಎಂಟು-ಹತ್ತು ಜನ ಕೂರುತ್ತಾರೆ. ಕೈಯಲ್ಲಿ ಹಸಿ ಅಡಿಕೆ, ಮುಂದೆ ಕತ್ತಿ, ಗೋಡೆಯ ಮೇಲೆ ಟಿವಿ. ಕತ್ತಿ ಮುಂದೆ ಕೂತವರು ಟಿವಿ ನೋಡಿದರೆ ಬೆರಳು ಉಳಿಯಬೇಕಲ್ಲ! ಹಾಗಾಗಿ ಅವರು ಟಿವಿ ಕೇಳುತ್ತಾರೆ. ಜಗಳ ಜೋರಾದಾಗ ಮಾತ್ರ ತಲೆ ಎತ್ತುತ್ತಾರೆ. ಇನ್ನೊಂದು ಸಲ ತಲೆ ಏಳುವುದು, ಗುರುತಿಲ್ಲದ ದನಿ ಬಂದಾಗ. "ಇದ್ಯಾರ ದನಿ?" ಅಂತ ಯಾರೋ ಕೇಳುತ್ತಾರೆ. ಹತ್ತೂ ತಲೆ ಒಟ್ಟಿಗೆ ಮೇಲೇಳುತ್ತವೆ. ಅರ್ಧ ನಿಮಿಷ ಕತ್ತಿ ನಿಲ್ಲುತ್ತದೆ.

ಆ ಅರ್ಧ ನಿಮಿಷಕ್ಕಾಗಿಯೇ ಚಾನೆಲ್‌ನವರು ವೈಲ್ಡ್ ಕಾರ್ಡ್, ಅಂದರೆ ಶೋ ನಡುವೆ ಬರುವ ಹೊಸ ಸ್ಪರ್ಧಿಯನ್ನು, ಕಳಿಸುವುದು.

ನಾನು 12 ವರ್ಷ ಬೆಂಗಳೂರಿನ ಟಿವಿ ಚಾನೆಲ್‌ಗಳಲ್ಲಿ ರೇಟಿಂಗ್ ಓದುವ ಕೆಲಸ ಮಾಡಿದವಳು. ಈಗ ಊರಿಗೆ ಬಂದು ತೋಟದ ಮನೆಯಿಂದಲೇ ಒಂದೆರಡು ನಿರ್ಮಾಣ ಸಂಸ್ಥೆಗಳಿಗೆ ಅದೇ ಕೆಲಸ ಮಾಡುತ್ತೇನೆ. "ಶೋ ನಡುವೆ ಜನರನ್ನ ಬದಲಾಯಿಸಿದ್ರೆ ಟಿಆರ್‌ಪಿ ಏರ್ತದಾ?" ಅಂತ ಪೇಟೆಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಏರುತ್ತದೆ. ಆದರೆ ಹೇಗೆ ಏರಿತು ಅನ್ನುವುದರಲ್ಲಿ ಎಲ್ಲ ಗುಟ್ಟೂ ಇದೆ.

ಮೊದಲು ಆ ನಂಬರು ಹುಟ್ಟುವ ಬಗೆ ನೋಡಿ. ಈಗ ಲೆಕ್ಕ ಕೊಡುವುದು ಬಾರ್ಕ್ ಅನ್ನುವ ಸಂಸ್ಥೆ. 2015ರಲ್ಲಿ ಶುರುವಾಯಿತು. ದೇಶದಲ್ಲಿ 50,000ಕ್ಕೂ ಹೆಚ್ಚು ಮನೆಗಳಲ್ಲಿ ಅದರ ಮೀಟರ್ ಇದೆ. ಯಾವ ಮನೆ ಅನ್ನುವುದು ಗುಟ್ಟು. ಚಾನೆಲ್‌ನ ಶಬ್ದದೊಳಗೆ ನಮ್ಮ ಕಿವಿಗೆ ಕೇಳದ ಒಂದು ಗುರುತು ಸೇರಿಸಿರುತ್ತಾರೆ. ಮೀಟರ್ ಅದನ್ನು ಹಿಡಿದು ಯಾವ ಚಾನೆಲ್ ಓಡುತ್ತಿದೆ ಅಂತ ಬರೆದುಕೊಳ್ಳುತ್ತದೆ. ಮನೆಯ ಒಬ್ಬೊಬ್ಬರಿಗೂ ಒಂದೊಂದು ಬಟನ್. ಟಿವಿ ಮುಂದೆ ಕೂತಾಗ ಒತ್ತಬೇಕು, ಎದ್ದು ಹೋಗುವಾಗ ಮತ್ತೆ ಒತ್ತಬೇಕು. ಶನಿವಾರದಿಂದ ಶುಕ್ರವಾರದವರೆಗೆ ಒಂದು ವಾರ. ಅದರ ಲೆಕ್ಕ ಮುಂದಿನ ಗುರುವಾರ ಬರುತ್ತದೆ. ಚಾನೆಲ್ ಆಫೀಸಿನಲ್ಲಿ ಗುರುವಾರ ಬೆಳಗ್ಗೆ ಯಾರೂ ಸರಿಯಾಗಿ ತಿಂಡಿ ತಿನ್ನುವುದಿಲ್ಲ. ಬಾರ್ಕ್‌ಗಿಂತ ಮುಂಚೆ ಲೆಕ್ಕ ಪಟ್ಟಣಗಳದ್ದು ಮಾತ್ರ. 2015ರ ಅಕ್ಟೋಬರ್‌ನಲ್ಲಿ ಹಳ್ಳಿಗಳೂ ಸೇರಿದವು. ನಮ್ಮಂಥ ಜಗಲಿಗೆ ಬೆಲೆ ಬಂದದ್ದು ಅಲ್ಲಿಂದ ಈಚೆಗೆ.

ಮೀಟರ್‌ಗೆ ಕಣ್ಣಿಲ್ಲ, ನೆನಪಿರಲಿ. ಬಟನ್ ಒತ್ತಿ ಕೂತು ಅಡಿಕೆ ಸುಲಿದರೂ ಅದು 'ನೋಡಿದ' ಲೆಕ್ಕವೇ.

ಇನ್ನು ಒಂಚೂರು ಗಣಿತ. ನಮ್ಮ ಸೀಮೆಯಲ್ಲಿ 100 ಜನ ಇದ್ದಾರೆ ಅಂದುಕೊಳ್ಳಿ. ಒಂದು ಗಂಟೆಯ ಶೋ. 10 ಜನ ಪೂರ್ತಿ 60 ನಿಮಿಷ ನೋಡಿದರು. ರೇಟಿಂಗ್ 10. ಈಗ ಆ 10 ಜನಕ್ಕೆ ತುಂಬ ಬೇಕಾದ ಒಬ್ಬರನ್ನು ಹೊರಗೆ ಕಳಿಸಿ, ಗಲಾಟೆಗೆ ಹೆಸರಾದ ಒಬ್ಬರನ್ನು ಒಳಗೆ ತಂದರು. ಬೇಜಾರಾಗಿ 4 ಜನ ಚಾನೆಲ್ ಬದಲಿಸಿದರು. 6 ಉಳಿಯಿತು. ಆದರೆ ಪ್ರೋಮೊ ನೋಡಿ "ಯಾರಪ್ಪ ಇದು" ಅಂತ ಹೊಸದಾಗಿ 40 ಜನ ಬಂದು ಹತ್ತತ್ತು ನಿಮಿಷ ಇಣುಕಿ ಹೋದರು. ಅವರಿಂದ ಹತ್ತಿರ ಹತ್ತಿರ 7. ಒಟ್ಟು 13. ಏರಿತಲ್ಲ! ಆಫೀಸಿನಲ್ಲಿ ಕೇಕ್ ಬಂತು. ಮೂರನೇ ವಾರಕ್ಕೆ ಇಣುಕುವವರು 40ರಿಂದ 6ಕ್ಕೆ ಇಳಿದರು. ಅವರಿಂದ 1. ಒಟ್ಟು 7. ಮುಂಚೆ 10 ಇತ್ತು.

ಇದು ನಾನು ಕಟ್ಟಿದ ಲೆಕ್ಕ. ಆದರೆ ಇದೇ ಆಕಾರದ ಗ್ರಾಫನ್ನು ಎಷ್ಟು ಸಲ ನೋಡಿದ್ದೇನೋ. ನಮ್ಮ ಭಾಷೆಯಲ್ಲಿ ಬಂದು ಹೋದವರ ಸಂಖ್ಯೆ 'ರೀಚ್', ಕೂತ ಹೊತ್ತು 'ಟೈಮ್ ಸ್ಪೆಂಟ್'. ಎರಡೂ ಸೇರಿ ರೇಟಿಂಗ್. ಮುಖ ಬದಲಾದಾಗ ಏರುವುದು ಬಹುತೇಕ ರೀಚ್. ಪತ್ರಿಕೆಯಲ್ಲಿ ಬರುವುದು ಒಟ್ಟು ನಂಬರು ಮಾತ್ರ. ಅದರಲ್ಲಿ ಇಣುಕಿದವರು ಎಷ್ಟು, ಕೂತವರು ಎಷ್ಟು ಅಂತ ಗೊತ್ತಾಗುವುದೇ ಇಲ್ಲ.

ನಾನೇ ಒಮ್ಮೆ ಇದರಲ್ಲಿ ಚೆನ್ನಾಗಿ ಎಡವಿದ್ದೇನೆ. ಹಲವು ಸೀಸನ್ ನಡೆದ ಒಂದು ಹಾಡಿನ ಶೋ. ಮೂವರು ಜಡ್ಜ್‌ಗಳಲ್ಲಿ ಒಬ್ಬರು ಹಿರಿಯರು. ಮಾತು ಜಾಸ್ತಿ. ನಿಮಿಷ ನಿಮಿಷದ ಗ್ರಾಫ್ ತೆಗೆದು ನೋಡಿದೆ. ಅವರು ಬಾಯಿ ತೆರೆದ ಕಡೆಯೆಲ್ಲ ಗೆರೆ ಕೆಳಗೆ. ಒಂದಲ್ಲ, ಎಂಟು ವಾರ ಹಾಗೇ ಇತ್ತು. ಮೀಟಿಂಗಿನಲ್ಲಿ ಪರದೆ ಮೇಲೆ ತೋರಿಸಿದೆ. ಎಲ್ಲರೂ ತಲೆ ಆಡಿಸಿದರು. ಮುಂದಿನ ಸೀಸನ್‌ಗೆ ಅವರ ಕುರ್ಚಿಯಲ್ಲಿ ಚೆಂದದ ಒಬ್ಬ ನಟಿ ಬಂದರು. ಎರಡು ವಾರ ನಂಬರು ಏರಿತು. ಬೆನ್ನು ತಟ್ಟಿಸಿಕೊಂಡು ಹಬ್ಬಕ್ಕೆ ಅಂತ ಊರಿಗೆ ಬಂದೆ. ಶೋ ಬರುವ ಹೊತ್ತಿಗೆ ಆಯಿ ಬೇರೆ ಯಾವುದೋ ಧಾರಾವಾಹಿ ಹಾಕಿಕೊಂಡು ಕೂತಿದ್ದಳು. ನಮ್ಮ ಶೋ ಯಾಕೆ ಹಾಕಿಲ್ಲ ಅಂತ ಕೇಳಿದೆ. "ಆ ಅಜ್ಜನೇ ಇಲ್ಲೆ, ಇನ್ನೆಂತ ನೋಡದು ಕೂಸೇ?" ಅಂದಳು.

ನಾನು ನಕ್ಕು ಸುಮ್ಮನಾದೆ. ಒಬ್ಬಳ ಮಾತು ಡೇಟಾ ಅಲ್ವಲ್ಲ! ಐದನೇ ವಾರ ಬಿತ್ತು. ಮತ್ತೆ ಹಳೆಯ ಗ್ರಾಫ್ ತೆಗೆದು, ಪಕ್ಕದಲ್ಲಿ ಎಪಿಸೋಡ್ ಓಡಿಸಿ ನೋಡಿದೆ. ಮೊದಲೇ ಮಾಡಬೇಕಿದ್ದ ಕೆಲಸ. ಎಡಿಟರ್ ಪ್ರತಿ ಸಲ ಆ ಹಿರಿಯರ ಮಾತನ್ನೇ ಬ್ರೇಕ್‌ಗೆ ಮುಂಚಿನ ಕೊನೆಯ ಮಾತಾಗಿ ಇಟ್ಟಿದ್ದ. ಯಾಕೆಂದರೆ ಅವರ ಮಾತೇ ಚೆನ್ನಾಗಿ ಮುಗಿಯುತ್ತಿತ್ತು. ನೋಡುವವರಿಗೆ ಅದು ಅಭ್ಯಾಸವಾಗಿತ್ತು. ಅಜ್ಜ ಮಾತು ಶುರು ಮಾಡಿದರು ಅಂದರೆ ಇನ್ನೇನು ಜಾಹೀರಾತು ಬಂತು ಅಂತ ಏಳುತ್ತಿದ್ದರು. ಒಬ್ಬರು ಒಲೆ ನೋಡಲು, ಒಬ್ಬರು ಕೊಟ್ಟಿಗೆಗೆ. ಗೆರೆ ಬಿದ್ದದ್ದು ಬ್ರೇಕಿನಿಂದ. ತಲೆದಂಡ ಅಜ್ಜನದು. ಆ ಮೀಟಿಂಗಿನ ಪರದೆ ಈಗಲೂ ಕನಸಲ್ಲಿ ಬರುತ್ತದೆ.

ಯಾರನ್ನು ಬದಲಿಸಬಹುದು, ಯಾರನ್ನು ಮುಟ್ಟಬಾರದು? ಯಕ್ಷಗಾನದ ಜಿಲ್ಲೆಯವರಿಗೆ ಇದನ್ನು ಹೇಳುವುದು ಸುಲಭ. ಮೇಳದ ತಿರುಗಾಟ ಮುಗಿದು ಮಳೆ ಹಿಡಿಯಿತೆಂದರೆ ಹೊನ್ನಾವರ, ಕುಮಟಾ, ಸಿದ್ದಾಪುರದ ಚಾ ಅಂಗಡಿಗಳಲ್ಲಿ ಒಂದೇ ಮಾತು. ಮುಂದಿನ ವರ್ಷ ಯಾರು ಯಾವ ಮೇಳಕ್ಕೆ? ವೇಷಧಾರಿ ಮೇಳ ಬಿಟ್ಟರೆ ಅವರ ಅಭಿಮಾನಿಗಳು ಅವರ ಹಿಂದೆ ಹೋಗುತ್ತಾರೆ. ಆದರೂ ಆಟ ನಿಲ್ಲುವುದಿಲ್ಲ. ಯಾಕೆಂದರೆ ಪ್ರಸಂಗ ಅಲ್ಲೇ ಇದೆ, ಪಾತ್ರ ಅಲ್ಲೇ ಇದೆ. ಕೀಚಕನನ್ನು ಇನ್ನೊಬ್ಬರು ಮಾಡಿದರೂ ಕೀಚಕ ಕೀಚಕನೇ. ಅದೇ ಹಾಡಿ ಆಟ ನಡೆಸುವ ಭಾಗವತರು ಬದಲಾದರೆ ಮೇಳದ ದನಿಯೇ ಬದಲು. ಆಗ ರಾತ್ರಿಯೆಲ್ಲ ಕೂರುವವರೂ ಒಂದು ಸಲ ಯೋಚಿಸುತ್ತಾರೆ.

ಪ್ರತಿ ಶೋದಲ್ಲೂ ಭಾಗವತರ ಜಾಗ ಯಾರದು ಅಂತ ನೋಡಬೇಕು. ಹಾಡಿನ ಶೋದಲ್ಲಿ ಸ್ಪರ್ಧಿಗಳು ಸೀಸನ್ ಸೀಸನ್‌ಗೂ ಬದಲಾಗುತ್ತಾರೆ, ಯಾರೂ ತಕರಾರು ಮಾಡುವುದಿಲ್ಲ. ಜಡ್ಜ್ ಬದಲಾದರೆ ಮಾಡುತ್ತಾರೆ. 'ಎದೆ ತುಂಬಿ ಹಾಡುವೆನು' ಅಂದರೆ ಎಸ್‌ಪಿಬಿ. ಅವರು 2020ರಲ್ಲಿ ತೀರಿಕೊಂಡರು. ಮರುವರ್ಷ ಅದೇ ಹೆಸರಿನ ಶೋ ರಾಜೇಶ್ ಕೃಷ್ಣನ್, ಹರಿಕೃಷ್ಣ, ರಘು ದೀಕ್ಷಿತ್ ಜೊತೆ ಬಂತು. ಮೂವರೂ ದೊಡ್ಡವರೇ. ಆದರೂ ನಮ್ಮ ಜಗಲಿ ಅದನ್ನು ಬೇರೆ ಶೋ ಅಂತಲೇ ನೋಡಿತು. 'ಕನ್ನಡದ ಕೋಟ್ಯಧಿಪತಿ' ಪುನೀತ್ ರಾಜ್‌ಕುಮಾರ್ ಅವರಿಂದ ರಮೇಶ್ ಅರವಿಂದ್ ಕೈಗೆ ಹೋಗಿ, 2019ರಲ್ಲಿ ಮತ್ತೆ ಪುನೀತ್ ಹತ್ತಿರವೇ ಬಂತು. ಕನ್ನಡ ಬಿಗ್ ಬಾಸ್ 2013ರಲ್ಲಿ ಈಟಿವಿಯಲ್ಲಿ ಶುರುವಾಗಿ, ಮರುವರ್ಷ ಸುವರ್ಣಕ್ಕೆ ಹಾರಿ, 2015ರಲ್ಲಿ ಕಲರ್ಸ್‌ಗೆ ಬಂತು. ಮೂರು ಸೀಸನ್, ಮೂರು ಬೋರ್ಡು. ಅಷ್ಟಾದರೂ ಜನಕ್ಕೆ ಅದೇ ಶೋ ಅನ್ನಿಸಿತು, ಮುಂದೆ ನಿಂತ ಸುದೀಪ್ ಅಲ್ಲೇ ಇದ್ದರಲ್ಲ. 11ನೇ ಸೀಸನ್ ತನ್ನ ಕೊನೆಯದು ಅಂತ ಅವರು 2024ರಲ್ಲಿ ಹೇಳಿದಾಗ ಚಾನೆಲ್‌ನವರ ಎದೆ ಎಷ್ಟು ಹೊಡೆದುಕೊಂಡಿತೋ. 12ಕ್ಕೆ ಅವರೇ ಬಂದರು.

ತೆಲುಗಿನವರು ಮೊದಲ ಮೂರು ಸೀಸನ್‌ಗೆ ಮೂವರನ್ನು ನೋಡಿದರು. ಜೂನಿಯರ್ ಎನ್‌ಟಿಆರ್, ನಾನಿ, ಆಮೇಲೆ ನಾಗಾರ್ಜುನ. ಅಲ್ಲಿ ಅಭ್ಯಾಸ ಗಟ್ಟಿಯಾಗುವ ಮುಂಚೆಯೇ ಬದಲಾದ್ದರಿಂದ ನೋವು ಕಡಿಮೆ ಅಂತ ನನ್ನ ಅಂದಾಜು. ಕಾರವಾರದ ಕಡೆ ಕೊಂಕಣಿ ಮಾತಾಡುವ ಎಷ್ಟೋ ಮನೆಗಳಲ್ಲಿ ಮರಾಠಿ ಬಿಗ್ ಬಾಸ್ ಓಡುತ್ತದೆ. 2024ರಲ್ಲಿ ಮಹೇಶ್ ಮಾಂಜ್ರೇಕರ್ ಜಾಗಕ್ಕೆ ರಿತೇಶ್ ದೇಶಮುಖ್ ಬಂದಾಗ ಅಲ್ಲಿನ ನನ್ನ ಗೆಳತಿಯ ಅತ್ತೆ ಒಂದು ವಾರ ಟಿವಿಗೆ ಬೆನ್ನು ಹಾಕಿ ಕೂತಿದ್ದರಂತೆ. ಎರಡನೇ ವಾರ ಕುರ್ಚಿ ತಿರುಗಿತು.

ಜನರನ್ನೇ ನಂಬಿದ ಶೋಗಳ ಕತೆ ಬೇರೆ. ಅಲ್ಲಿ ಸ್ಪರ್ಧೆ ಇಲ್ಲ, ಗೆಲ್ಲುವುದೂ ಇಲ್ಲ. ಅದೇ ಮಂದಿ, ಅವರ ಸ್ನೇಹ, ಅವರ ಜಗಳ. ಅಮೆರಿಕದ 'ರಿಯಲ್ ಹೌಸ್‌ವೈವ್ಸ್ ಆಫ್ ನ್ಯೂಯಾರ್ಕ್ ಸಿಟಿ' 2008ರಿಂದ ನಡೆಯಿತು. 2021ರ ಸೀಸನ್ ನೆಲಕಚ್ಚಿದಾಗ ನಿರ್ಮಾಪಕರು ಒಬ್ಬಿಬ್ಬರನ್ನಲ್ಲ, ಇಡೀ ತಂಡವನ್ನೇ ತೆಗೆದರು. 2023ರ ಜುಲೈಗೆ ಎಲ್ಲ ಹೊಸ ಮುಖ. ಅದೇ ಡಿಸೆಂಬರ್‌ನಲ್ಲಿ ಹಳೆಯ ಹೆಂಗಸರಲ್ಲಿ ಕೆಲವರನ್ನು ಕೂಡಿಸಿ ಬೇರೆಯದೇ ಒಂದು ಸರಣಿಯನ್ನೂ ತಂದರು. ಹೊಸಬರಿಗೆ ಹಳೆಯ ಜಗಳ ಇರುವುದಿಲ್ಲ ನೋಡಿ. ಹತ್ತು ವರ್ಷದ ಹಳೆಯ ಜಗಳ ದುಡ್ಡು ಕೊಟ್ಟರೆ ಸಿಗುವ ಸಾಮಾನಲ್ಲ.

ಹಾಗಾದರೆ ವೈಲ್ಡ್ ಕಾರ್ಡ್ ಯಾವತ್ತೂ ಫಲಿಸುವುದಿಲ್ಲವಾ? ಕನ್ನಡ ಬಿಗ್ ಬಾಸ್‌ನ 11ನೇ ಸೀಸನ್ ನೋಡಿ. ಮೊದಲ ವಾರಗಳಲ್ಲೇ ಹೊಡೆದಾಟವಾಗಿ ಇಬ್ಬರು ಹೊರಹೋದರು. ಆಗ ಒಳಗೆ ಬಂದದ್ದು ಹನುಮಂತ. ನಮ್ಮ ಪಕ್ಕದ ಹಾವೇರಿ ಜಿಲ್ಲೆಯವರು. ಕೊನೆಗೆ ಗೆದ್ದದ್ದೂ ಅವರೇ. ವೈಲ್ಡ್ ಕಾರ್ಡ್ ನಿಜ, ಆದರೆ ಹೊಸ ದನಿ ಅಲ್ಲವೇ ಅಲ್ಲ. 'ಸರಿಗಮಪ'ದಲ್ಲಿ ಆ ದನಿಯನ್ನು ಜನ ಒಂದಿಡೀ ಸೀಸನ್ ಕೇಳಿದ್ದರು. ನಮ್ಮ ಜಗಲಿಯಲ್ಲಿ "ಇದ್ಯಾರ ದನಿ" ಅಂತ ಯಾರೂ ಕೇಳಲಿಲ್ಲ. "ಹೋ, ಹನುಮಂತ ಬಂದ" ಅಂದರು. ಕತ್ತಿ ನಿಲ್ಲಲಿಲ್ಲ, ಆದರೆ ಮುಂದಿನ ಮೂರು ತಿಂಗಳು ಚಾನೆಲ್ಲೂ ಬದಲಾಗಲಿಲ್ಲ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಾಗುವುದಿಲ್ಲ. ರೇಟಿಂಗ್ ಕೊಡುವವರು ಬೇರೆ, ಓಟು ಹಾಕುವವರು ಬೇರೆ. ಓಟು ಆ್ಯಪ್‌ನಲ್ಲಿ. ಹಾಕುವವರು ಮೊಬೈಲ್ ಕೈಯಲ್ಲಿರುವ ಹುಡುಗ-ಹುಡುಗಿಯರು. ಅವರಲ್ಲಿ ಸುಮಾರು ಜನ ಶೋ ನೋಡುವುದೂ ಮೊಬೈಲ್‌ನಲ್ಲೇ. ಅದು ಟಿವಿ ರೇಟಿಂಗ್‌ಗೆ ಸೇರುವುದಿಲ್ಲ. ಪೂರ್ತಿ ಒಂದು ಗಂಟೆ ಕೂರುವ ಆಯಿ ಇವತ್ತಿನವರೆಗೆ ಒಂದು ಓಟು ಹಾಕಿದವಳಲ್ಲ. ಅವಳಿಗೆ ಬೇಕಾದವರನ್ನು ಆ್ಯಪ್ ಮನೆಗೆ ಕಳಿಸುತ್ತದೆ, ಗುರುವಾರ ನಂಬರು ಬೀಳುತ್ತದೆ. ಆಗ ಹೊರಹೋದವರನ್ನು ಗುಟ್ಟಾಗಿ ಇಟ್ಟುಕೊಳ್ಳುವ ಸೀಕ್ರೆಟ್ ರೂಮ್, ಮರುಪ್ರವೇಶ, 'ಈ ವಾರ ಎಲಿಮಿನೇಷನ್ ಇಲ್ಲ' ಎಲ್ಲ ಶುರು. ಜನ ಇದನ್ನು ಮೋಸ ಅನ್ನುತ್ತಾರೆ. ನನಗೆ ಕಾಣುವುದು, ಎರಡು ಕಡೆ ಎಳೆಯುವ ಹಗ್ಗದ ನಡುವೆ ನಿಂತವರ ಪರದಾಟ.

ಬದಲಾವಣೆ ಆದ ಮೇಲೆ ನಂಬರು ಏರಿತು, ಹಾಗಾಗಿ ಬದಲಾವಣೆಯಿಂದಲೇ ಏರಿತು ಅನ್ನುವುದನ್ನೂ ಸ್ವಲ್ಪ ತಡೆದು ನೋಡಬೇಕು. ಬಿಗ್ ಬಾಸ್ ಮನೆಯವರನ್ನು ಬದಲಿಸುವುದೇ ನಂಬರು ಬಿದ್ದಾಗ. ಬಿದ್ದದ್ದು ಬೇರೆ ಕಾರಣಕ್ಕಾದರೆ ಸುಮ್ನೆ ಬಿಟ್ಟರೂ ಏಳುತ್ತದೆ. ಕನ್ನಡ ಬಿಗ್ ಬಾಸ್‌ನ 10ನೇ ಸೀಸನ್ ಶುರುವಾದದ್ದು 2023ರ ಅಕ್ಟೋಬರ್ 8ಕ್ಕೆ. ಭಾರತದಲ್ಲೇ ಕ್ರಿಕೆಟ್ ವಿಶ್ವಕಪ್ ನಡೆಯುತ್ತಿತ್ತು, ಫೈನಲ್ ನವೆಂಬರ್ 19ಕ್ಕೆ. ಅಂಥ ಸೀಸನ್‌ನಲ್ಲಿ ನವೆಂಬರ್ ಕೊನೆಗೆ ನಂಬರು ಏರಿದರೆ ಅದರಲ್ಲಿ ಮನೆಯವರ ಪಾಲೆಷ್ಟು, ಕ್ರಿಕೆಟ್ ಮುಗಿದ ಪಾಲೆಷ್ಟು ಅಂತ ಬಿಡಿಸಬೇಕು. ನಮ್ಮಲ್ಲಿ ಮಳೆಗಾಲದ ಶೋಗಳದ್ದು ಇನ್ನೊಂದು ಪಾಡು. ಜೂನ್, ಜುಲೈನಲ್ಲಿ ಮಳೆ ಹೊಡೆತಕ್ಕೆ ಡಿಶ್ ಸಿಗ್ನಲ್ ಹೋಗುತ್ತದೆ. ಅದು ಬರುವಷ್ಟರಲ್ಲಿ ಕರೆಂಟು ಹೋಗುತ್ತದೆ. ಸ್ಪರ್ಧಿ ಏನು ಮಾಡಿಯಾನು ಪಾಪ.

ನಾನು ಈಗ ಕೆಲಸ ಮಾಡುವ ಕಡೆ ಒಂದು ಪಟ್ಟು ಹಿಡಿದಿದ್ದೇನೆ. ಹೊಸಬರು ಬಂದ ವಾರದ ನಂಬರು ನನ್ನ ಮುಂದೆ ಇಡಬೇಡಿ. ಮೂರನೇ ಗುರುವಾರದ್ದು ಕೊಡಿ. ಒಟ್ಟು ನಂಬರಲ್ಲ, ಕೂತ ಹೊತ್ತು ಎಷ್ಟು ಅಂತ ಕೊಡಿ. ಅದೂ ಬರೀ ಸೋಮವಾರದಿಂದ ಗುರುವಾರದ್ದು, ಯಾಕೆಂದರೆ ಶನಿವಾರ, ಭಾನುವಾರ ಜನ ಬರುವುದು ನಿರೂಪಕರಿಗಾಗಿ.

ಕಳೆದ ವಾರ ಒಬ್ಬ ನಿರ್ಮಾಪಕರ ಫೋನ್ ಬಂತು. ನಾನು ಆಗ ಜಗಲಿಯಲ್ಲಿ ಸಿಪ್ಪೆ ಬಾಚುತ್ತಿದ್ದೆ. ಒಂದು ಡ್ಯಾನ್ಸ್ ಶೋ, ನಂಬರು ಜಾರುತ್ತಿದೆ, ಒಬ್ಬ ಜಡ್ಜ್ ತೆಗೆದು ಇನ್ನೊಬ್ಬರನ್ನು ತರಬೇಕು ಅಂತ ಅವರ ತಲೆಯಲ್ಲಿ. ಮೂರನೇ ಗುರುವಾರದ ಕತೆಯನ್ನು ಅವರಿಗೂ ಹೇಳಿದೆ. ಅಜ್ಜನ ಕತೆಯನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಎಲ್ಲ ಸರಿ ಮೇಡಂ," ಅಂದರು. "ಆದ್ರೆ ಮೂರನೇ ಗುರುವಾರದ ತನಕ ನಾನು ಈ ಕುರ್ಚಿಯಲ್ಲಿ ಇರ್ಬೇಕಲ್ಲ?"