ಐಫೋನ್ ಬಿಡುವ ಮುಂಚೆ ಬ್ಯಾಂಕ್ ಆ್ಯಪ್ ವಿಚಾರಿಸಿ

ಕಚೇರಿಗಳಿಗೆ ಫೋನು, ಲ್ಯಾಪ್‌ಟಾಪ್ ಸಿದ್ಧಮಾಡಿ ಕೊಡುವುದು ನನ್ನ ಕೆಲಸ. ಈಚೆಗೆ ಜಾಸ್ತಿ ಬರುವ ಪ್ರಶ್ನೆ ಇದು: "ಸರ್, ಐಫೋನ್ ಸಾಕಾಯ್ತು. ನನಗೆ ಬೇಕಾದ ಸಾಫ್ಟ್‌ವೇರ್ ನಾನು ಹಾಕ್ಕೋಬೇಕು. ಆಂಡ್ರಾಯ್ಡ್‌ಗೆ ಹೋಗ್ಲಾ?" ಧಾರಾಳವಾಗಿ ಹೋಗಿ. ಆದರೆ ಅಂಗಡಿಗೆ ಹೊರಡುವ ಮುಂಚೆ ಒಂದಿಷ್ಟು ಕೆಲಸ ಇದೆ. ಅದರಲ್ಲಿ ಮುಕ್ಕಾಲು ಪಾಲು ಈಗ ಕೈಯಲ್ಲಿರುವ ಐಫೋನ್‌ನಲ್ಲೇ ಆಗಬೇಕು.

ಐಫೋನ್‌ನಲ್ಲಿ ಕಟ್ಟು ಎಲ್ಲಿದೆ ಅನ್ನುವುದನ್ನು ಮೊದಲು ನೋಡೋಣ. 2008ರಿಂದ ಆ್ಯಪ್ ಒಳಗೆ ಬರುವ ಬಾಗಿಲು ಆ್ಯಪ್ ಸ್ಟೋರ್ ಒಂದೇ. ಯುರೋಪ್ ಒಕ್ಕೂಟದ ಕಾನೂನಿಗೆ ಮಣಿದು ಆ್ಯಪಲ್ 2024ರ ಮಾರ್ಚ್‌ನಲ್ಲಿ, ಐಒಎಸ್ 17.4ರ ಜೊತೆ, ಬೇರೆ ಸ್ಟೋರ್‌ಗಳನ್ನೂ ಒಳಗೆ ಬಿಟ್ಟಿತು. ಅದು ಅಲ್ಲಿನವರಿಗೆ. ಬೆಂಗಳೂರಲ್ಲಿ ಕೂತವರಿಗೆ ಆ ಭಾಗ್ಯ ಇಲ್ಲ. ನೀವೇ ಒಂದು ಪುಟ್ಟ ಆ್ಯಪ್ ಬರೆದು ನಿಮ್ಮದೇ ಫೋನಿಗೆ ಹಾಕಿಕೊಂಡಿರಿ ಅನ್ನಿ. ಆ್ಯಪ್ ಬರೆಯುವವರಿಗೆ ಆ್ಯಪಲ್ ಕೊಡುವ ಖಾತೆ ನಿಮ್ಮದು ಉಚಿತದ್ದಾದರೆ ಏಳು ದಿನ ಕಳೆದ ಮೇಲೆ ಅದು ತೆರೆಯುವುದಿಲ್ಲ. ಮತ್ತೆ ಮೊದಲಿನಿಂದ ಹಾಕಬೇಕು. ಈ ಕಾಟ ಬೇಡ ಅಂದರೆ ವರ್ಷಕ್ಕೆ 99 ಡಾಲರ್ ಕಟ್ಟಬೇಕು. ನಿಮ್ಮ ಫೋನು, ನಿಮ್ಮ ಆ್ಯಪು, ಆದರೂ!

ಬ್ರೌಸರ್ ಕಥೆಯೂ ಅಷ್ಟೇ. ಹೆಸರಿಗೆ ಫೈರ್‌ಫಾಕ್ಸ್, ಒಳಗೆ ಓಡುವ ಎಂಜಿನ್ ಆ್ಯಪಲ್‌ನ ವೆಬ್‌ಕಿಟ್. ಹಾಗಾಗಿ ಆಂಡ್ರಾಯ್ಡ್ ಫೈರ್‌ಫಾಕ್ಸ್‌ಗೆ ಸಲೀಸಾಗಿ ಹಾಕಬಹುದಾದ ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಅನ್ನು ಐಫೋನ್‌ನ ಫೈರ್‌ಫಾಕ್ಸ್‌ಗೆ ಹಾಕಲು ಬರುವುದಿಲ್ಲ. ಹಾಗಂತ ಐಫೋನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ವಯಸ್ಸಾದ ಅಪ್ಪ, ಅಮ್ಮನಿಗೆ ಫೋನ್ ಕೊಡಿಸುವವರಿಗೆ ಈಗಲೂ ಎಷ್ಟೋ ಸಲ ಅದನ್ನೇ ಹೇಳುತ್ತೇನೆ.

ಇನ್ನು ಆಂಡ್ರಾಯ್ಡ್. ಒಂದೇ ಹೆಸರಿನಲ್ಲಿ ಎರಡು ಪದರ ಇವೆ. ಕೆಳಗಿನದು ಯಾರು ಬೇಕಾದರೂ ತೆಗೆದು ಬಳಸಬಹುದಾದ ಮುಕ್ತ ತಂತ್ರಾಂಶ. ಅದರ ಮೇಲೆ ಕೂತಿರುವ ಪ್ಲೇ ಸ್ಟೋರ್, ತೆರೆಮರೆಯಲ್ಲಿ ಓಡುತ್ತಾ ಉಳಿದ ಆ್ಯಪ್‌ಗಳಿಗೆ ನೆರವಾಗುವ ಪ್ಲೇ ಸರ್ವಿಸಸ್, ಮ್ಯಾಪ್ಸ್ ಎಲ್ಲ ಗೂಗಲ್‌ನ ಸ್ವಂತದ್ದು, ಅದರ ಕೋಡ್ ಯಾರಿಗೂ ಕಾಣುವುದಿಲ್ಲ. ಈ ಮೇಲಿನ ಪದರವನ್ನು ಇಡಿಯಾಗಿ ಫೋನ್ ಕಂಪನಿಗಳ ಮೇಲೆ ಹೇರಿದ್ದೂ ಸೇರಿದಂತೆ ಹಲವು ತಪ್ಪುಗಳಿಗಾಗಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಅಂದರೆ ಐಫೋನ್ ಬಿಟ್ಟು ಮಾಮೂಲಿ ಆಂಡ್ರಾಯ್ಡ್ ಕೊಂಡರೆ ಯಜಮಾನರು ಬದಲಾಗುತ್ತಾರೆ, ಅಷ್ಟೇ. ಆದರೆ ಈ ಯಜಮಾನರು ಹಿತ್ತಲ ಬಾಗಿಲಿಗೆ, ಅಂದರೆ ಪ್ಲೇ ಸ್ಟೋರ್ ಹೊರಗಿಂದ ಆ್ಯಪ್ ಹಾಕಿಕೊಳ್ಳುವ ದಾರಿಗೆ, ಇನ್ನೂ ಬೀಗ ಹಾಕಿಲ್ಲ.

ಆ ಬಾಗಿಲಿಂದ ಬರುವ ಒಳ್ಳೆಯ ಸರಕು ಎಫ್-ಡ್ರಾಯ್ಡ್ ಅನ್ನುವ ಆ್ಯಪ್ ಭಂಡಾರದಲ್ಲಿದೆ. ಅಲ್ಲಿರುವುದು ಬರೀ ಮುಕ್ತ ತಂತ್ರಾಂಶದ ಆ್ಯಪ್‌ಗಳು. ಖಾತೆ ಬೇಡ, ದುಡ್ಡು ಬೇಡ. ಕನ್ನಡದವರು ಮೊದಲು ನೋಡಬೇಕಾದ್ದು ಕೀಬೋರ್ಡ್. ಪಾಸ್‌ವರ್ಡ್‌ನಿಂದ ಹಿಡಿದು ಮನೆ ಜಗಳದವರೆಗೆ ನಾವು ಒತ್ತಿದ್ದೆಲ್ಲ ಅದರ ಮೂಲಕವೇ ಹೋಗುತ್ತದಲ್ವಾ? ಅಲ್ಲಿ ಸಿಗುವ ಹೆಲಿಬೋರ್ಡ್ ಅನ್ನುವ ಕೀಬೋರ್ಡ್ ಇಂಟರ್ನೆಟ್ ಅನುಮತಿಯನ್ನೇ ಕೇಳುವುದಿಲ್ಲ, ಅದರಲ್ಲಿ ಕನ್ನಡ ಇದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ಅಭ್ಯಾಸದವರಿಗೆ ಇಂಡಿಕ್ ಕೀಬೋರ್ಡ್ ಇದೆ. ಗೂಗಲ್ ಕೀಬೋರ್ಡ್ ಅರ್ಧ ಪದಕ್ಕೇ ಪೂರ್ತಿ ಪದ ಊಹಿಸುತ್ತದಲ್ಲ, ಆ ಜಾಣತನ ಇವುಗಳಲ್ಲಿ ಕಮ್ಮಿ. ಸುಮ್ನೆ ಹೊಗಳಿ ಕಳಿಸಿದರೆ ಒಂದೇ ವಾರಕ್ಕೆ ಬಿಸಾಕುತ್ತೀರಿ, ಅದಕ್ಕೇ ಹೇಳಿದೆ.

ಈ ಹಿತ್ತಲ ಬಾಗಿಲಿನ ಮೇಲೂ ಈಗ ಕಣ್ಣು ಬಿದ್ದಿದೆ. ಪ್ಲೇ ಸ್ಟೋರ್ ಹೊರಗಿನ ಆ್ಯಪ್ ಬರೆಯುವವರೂ ತಮ್ಮ ಬಳಿ ಗುರುತು ನೋಂದಾಯಿಸಬೇಕು ಅಂತ ಗೂಗಲ್ 2025ರ ಆಗಸ್ಟ್‌ನಲ್ಲಿ ಘೋಷಿಸಿತು. 2026ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ನಿಂದ ಶುರುಮಾಡಿ, 2027ರಿಂದ ಉಳಿದ ಕಡೆಗೂ ತರುವುದು ಆಗ ಹೇಳಿದ ಲೆಕ್ಕ. ಎಫ್-ಡ್ರಾಯ್ಡ್ ಬಳಗ ಜೋರಾಗಿ ವಿರೋಧಿಸಿತು. ಆಮೇಲೆ, ಗೊತ್ತಿದ್ದೂ ಅಪಾಯಕ್ಕೆ ಒಪ್ಪುವವರಿಗೆ ಬೇರೆ ದಾರಿ ಬಿಡುತ್ತೇವೆ ಅಂದಿತು ಗೂಗಲ್.

ಸರಿ, ಹೊರಡುವ ತಯಾರಿ. ಫೋನ್‌ಗಿಂತ ಮೊದಲು ಆ್ಯಪ್ ಬದಲಿಸಿ. ಪಾಸ್‌ವರ್ಡ್ ಕಾಪಿಡುವ ಬಿಟ್‌ವಾರ್ಡನ್, ಮೆಸೇಜಿಗೆ ಸಿಗ್ನಲ್, ವಿಡಿಯೋಗೆ ವಿಎಲ್‌ಸಿ, ನಕ್ಷೆಗೆ ಆರ್ಗ್ಯಾನಿಕ್ ಮ್ಯಾಪ್ಸ್ ನಾಲ್ಕೂ ಐಫೋನ್‌ನಲ್ಲೂ ಸಿಗುತ್ತವೆ, ಆಂಡ್ರಾಯ್ಡ್‌ನಲ್ಲೂ ಸಿಗುತ್ತವೆ. ಪಾಸ್‌ವರ್ಡ್‌ಗಳನ್ನು ಈಗಲೇ ಬಿಟ್‌ವಾರ್ಡನ್‌ಗೆ ಹಾಕಿ ಒಂದು ತಿಂಗಳು ಅದರಲ್ಲೇ ಬದುಕಿ. ಫೋಟೋಗಳನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಐಕ್ಲೌಡ್‌ನಿಂದ ಸಂಪರ್ಕ ಸಂಖ್ಯೆಗಳನ್ನು ಒಂದೇ ಫೈಲಾಗಿ ಇಳಿಸಬಹುದು, ಅದನ್ನು ಯಾವ ಫೋನಾದರೂ ಓದುತ್ತದೆ. ದುಡ್ಡು ಕೊಟ್ಟು ಕೊಂಡ ಆ್ಯಪ್‌ಗಳ ಆಸೆ ಬಿಡಿ, ಅವು ಜೊತೆಗೆ ಬರುವುದಿಲ್ಲ.

ಎಲ್ಲರೂ ಎಡವುವುದು ವಾಟ್ಸ್ಆ್ಯಪ್‌ನಲ್ಲಿ. ಐಫೋನ್‌ನ ಬ್ಯಾಕಪ್ ಐಕ್ಲೌಡ್‌ನಲ್ಲಿ ಇರುತ್ತದೆ, ಆಂಡ್ರಾಯ್ಡ್‌ನದು ಗೂಗಲ್ ಖಾತೆಯಲ್ಲಿ. ಒಂದನ್ನು ಇನ್ನೊಂದು ಓದುವುದಿಲ್ಲ. ನಾನು ಅನುಸರಿಸುವ ದಾರಿ ಕೇಬಲ್‌ನದು. ಹೊಸ ಫೋನನ್ನು ಮೊದಲ ಸಲ ಆನ್ ಮಾಡಿದಾಗ, 'ಹಳೆಯ ಫೋನಿಂದ ಡೇಟಾ ತರಬೇಕೇ' ಅಂತ ಕೇಳುವ ಹೊತ್ತಿಗೇ ಎರಡನ್ನೂ ಕೇಬಲ್‌ನಿಂದ ಜೋಡಿಸಬೇಕು. ಪರದೆಯ ಮೇಲೆ ಬರುವ ಕ್ಯೂಆರ್ ಕೋಡನ್ನು ಐಫೋನ್ ಕ್ಯಾಮೆರಾದಲ್ಲಿ ಹಿಡಿದರೆ ಅಲ್ಲಿ ವಾಟ್ಸ್ಆ್ಯಪ್ ತೆರೆದು ಚಾಟ್‌ಗಳನ್ನು ದಾಟಿಸುತ್ತದೆ. "ಆಮೇಲೆ ಮಾಡಿದರಾಯ್ತು" ಅಂತ ಆ ಹೆಜ್ಜೆ ಹಾರಿಸಿದವರು ಹೊಸ ಫೋನನ್ನು ಪೂರ್ತಿ ಅಳಿಸಿ ಮತ್ತೆ ಶುರುಮಾಡಬೇಕಾಗಿ ಬರಬಹುದು. ಇನ್ನೊಂದು ಮಾತು: ಸಿಮ್ ತೆಗೆಯುವ ಮುಂಚೆ ಐಫೋನ್‌ನಲ್ಲಿ ಆ್ಯಪಲ್‌ನ ಸ್ವಂತ ಮೆಸೇಜ್ ಸೇವೆಯಾದ ಐಮೆಸೇಜ್ ಆಫ್ ಮಾಡಿ. ಇಲ್ಲದಿದ್ದರೆ ಅಮೆರಿಕದಲ್ಲಿರುವ ತಂಗಿ ಕಳಿಸಿದ ಮೆಸೇಜು ಹಳೆಯ ಫೋನಿಗೇ ಹೋಗಿ ಕೂರುತ್ತದೆ.

ಇಷ್ಟಕ್ಕೇ ಸಮಾಧಾನ ಆಗದವರು, ಗೂಗಲ್‌ನ ಪದರವನ್ನೇ ಕಿತ್ತು ಹಾಕಬೇಕು ಅನ್ನುವವರು ಇದ್ದಾರೆ. ಅವರಿಗೆ ಆಂಡ್ರಾಯ್ಡ್‌ನ ಆ ಕೆಳಗಿನ ಪದರದಿಂದಲೇ ಕಟ್ಟಿದ ಸಿಸ್ಟಂಗಳಾದ ಲಿನೇಜ್‌ಓಎಸ್, ಗ್ರಾಫೀನ್‌ಓಎಸ್ ಇವೆ. ಲಿನೇಜ್ ಹತ್ತಾರು ಕಂಪನಿಗಳ ಫೋನುಗಳಿಗೆ ಸಿಗುತ್ತದೆ. ಗ್ರಾಫೀನ್ ಅನ್ನು ಈವರೆಗೆ ಹಾಕುತ್ತಾ ಬಂದಿರುವುದು ಗೂಗಲ್‌ನದೇ ಪಿಕ್ಸೆಲ್ ಫೋನುಗಳಿಗೆ. ಗೂಗಲ್‌ನಿಂದ ತಪ್ಪಿಸಿಕೊಳ್ಳಲು ಗೂಗಲ್‌ನ ಫೋನೇ ಕೊಳ್ಳಬೇಕು! ಕಾರಣ ಇದೆ. ಬೂಟ್‌ಲೋಡರ್, ಅಂದರೆ ಫೋನ್ ಆನ್ ಆಗುವಾಗ ಸಿಸ್ಟಂ ಎಬ್ಬಿಸುವ ಬೀಗ ಹಾಕಿದ ಪುಟ್ಟ ತಂತ್ರಾಂಶ, ಅದನ್ನು ತೆರೆದು, ಬೇರೆ ಸಿಸ್ಟಂ ಹಾಕಿ, ಮತ್ತೆ ಆ ಹೊಸ ಸಿಸ್ಟಂನದೇ ಕೀಲಿಯಿಂದ ಮುಚ್ಚಲು ಪಿಕ್ಸೆಲ್ ಬಿಡುತ್ತದೆ. ಗ್ರಾಫೀನ್‌ನಲ್ಲಿ ನನಗೆ ಹಿಡಿಸಿದ್ದು ಪ್ಲೇ ಸರ್ವಿಸಸ್ ಅನ್ನು ನಡೆಸಿಕೊಳ್ಳುವ ರೀತಿ. ಬೇಕಿದ್ದರೆ ಹಾಕಿಕೊಳ್ಳಬಹುದು, ಆದರೆ ಅದೂ ಉಳಿದ ಆ್ಯಪ್‌ಗಳ ಹಾಗೆ ಪ್ರತಿಯೊಂದಕ್ಕೂ ಅನುಮತಿ ಕೇಳಬೇಕು. ವಿಶೇಷ ಅಧಿಕಾರ ಇಲ್ಲ.

ಪಿಕ್ಸೆಲ್ ಅನ್ನು ಅಮೆರಿಕದಿಂದ ತರಿಸುವವರು ಹುಷಾರು. ಅಲ್ಲಿನ ಮೊಬೈಲ್ ಸೇವೆ ಕಂಪನಿ ವೆರೈಝನ್ ಮಾರುವ ಪಿಕ್ಸೆಲ್‌ಗಳ ಬೂಟ್‌ಲೋಡರ್ ತೆರೆಯಲು ಬರುವುದಿಲ್ಲ. ಡೆವಲಪರ್ ಆಯ್ಕೆಗಳಲ್ಲಿ 'ಓಇಎಂ ಅನ್‌ಲಾಕಿಂಗ್' ಅನ್ನುವ ಸಾಲು ಮಸುಕಾಗಿ ಕಾಣುತ್ತದೆ, ಒತ್ತಿದರೆ ಕದಲುವುದಿಲ್ಲ. 'ಎಲ್ಲ ಸಿಮ್ ನಡೆಯುತ್ತೆ' ಅಂತ ಮಾರುವವರು ಹೇಳುವ ಮಾತಿಗೂ ಬೂಟ್‌ಲೋಡರ್ ತೆರೆಯುವುದಕ್ಕೂ ಸಂಬಂಧ ಇಲ್ಲ. ಬೇರೆ ಕಂಪನಿಯ ಫೋನಿಗೆ ಲಿನೇಜ್ ಹಾಕುವ ಜಿಯೋ ಸಿಮ್‌ನವರು ಇನ್ನೊಂದು ಕೇಳಿಕೊಳ್ಳಿ: ಆ ಫೋನಿನಲ್ಲಿ ವೋಲ್ಟಿ, ಅಂದರೆ 4ಜಿ ಮೇಲೇ ಕರೆ ಮಾಡುವ ವ್ಯವಸ್ಥೆ, ನಡೆಯುತ್ತದಾ? ಜಿಯೋಗೆ 2ಜಿ, 3ಜಿ ಇಲ್ಲ. ವೋಲ್ಟಿ ಇಲ್ಲದಿದ್ದರೆ ಇಂಟರ್ನೆಟ್ ಓಡುತ್ತದೆ, ಕರೆ ಮಾತ್ರ ಹೋಗುವುದಿಲ್ಲ.

ಬೂಟ್‌ಲೋಡರ್ ತೆರೆದ ಕೂಡಲೇ ಫೋನ್ ಪೂರ್ತಿ ಅಳಿಸಿಹೋಗುತ್ತದೆ. ಹಾಗಾಗಿ ಐಫೋನ್‌ನಿಂದ ವಾಟ್ಸ್ಆ್ಯಪ್ ಅನ್ನು ಮೊದಲು ಪಿಕ್ಸೆಲ್‌ನ ಮೂಲ ಸಿಸ್ಟಂಗೆ ತಂದು, ಫೋನಿನಲ್ಲೇ ಬ್ಯಾಕಪ್ ಮಾಡಿಸಿ, ಆ ಫೋಲ್ಡರನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡು, ಆಮೇಲೆ ಗ್ರಾಫೀನ್ ಹಾಕುವುದು ನನ್ನ ಕ್ರಮ.

ಇಷ್ಟೆಲ್ಲ ಮಾಡಿ ಫೋನ್ ನಿಮ್ಮದಾದ ಮೇಲೆ ಬ್ಯಾಂಕ್ ಆ್ಯಪ್ ತೆರೆದರೆ 'ಈ ಸಾಧನ ಸುರಕ್ಷಿತವಲ್ಲ' ಅನ್ನಬಹುದು. ಆ್ಯಪ್ ಒಳಗಿಂದ ಗೂಗಲ್‌ನ ಪ್ಲೇ ಇಂಟೆಗ್ರಿಟಿಯನ್ನು ಕೇಳುತ್ತದೆ: ಇದು ನೀನು ಒಪ್ಪಿದ ಸಿಸ್ಟಮ್ಮೇ? ಅಲ್ಲ ಅಂದರೆ ಬಾಗಿಲು ಹಾಕಿಕೊಳ್ಳುತ್ತದೆ. ಎಷ್ಟೋ ಕಾಲದಿಂದ ಭದ್ರತಾ ಅಪ್‌ಡೇಟ್ ಕಾಣದ ಹಳೆಯ ಫೋನು ಗೂಗಲ್ ಮುದ್ರೆ ಇದೆ ಅನ್ನುವ ಕಾರಣಕ್ಕೆ ಪಾಸಾಗಿ, ಅಪ್‌ಡೇಟ್ ಬಂದ ಕೂಡಲೇ ಹಾಕಿಕೊಳ್ಳುವ ಗ್ರಾಫೀನ್ ಫೇಲಾಗುವುದು ಇದೇ ಪರೀಕ್ಷೆಯಲ್ಲಿ. ನನಗಂತೂ ಇದು ಅನ್ಯಾಯವಾಗಿಯೇ ಕಾಣುತ್ತದೆ. ಎಲ್ಲ ಬ್ಯಾಂಕ್‌ಗಳೂ ಹೀಗಿಲ್ಲ. ಕೆಲವು ಆ್ಯಪ್ ಈ ಪ್ರಶ್ನೆಯನ್ನೇ ಕೇಳುವುದಿಲ್ಲ. ಇವತ್ತು ಕೇಳದಿದ್ದದ್ದು ಮುಂದಿನ ಅಪ್‌ಡೇಟ್‌ನಲ್ಲಿ ಕೇಳಲೂಬಹುದು.

ಯುಪಿಐ ಅಂತೂ ಸಿಮ್‌ಗೆ ಕಟ್ಟಿಕೊಂಡಿದೆ. ಫೋನ್ ಬದಲಾದರೆ ಆ ಸಿಮ್‌ನಿಂದಲೇ ಎಸ್ಎಂಎಸ್ ಹೋಗಿ ಮತ್ತೆ ನೋಂದಣಿ ಆಗಬೇಕು. ಅದಾದ ಮೇಲೂ ಕೆಲವು ಬ್ಯಾಂಕ್‌ಗಳು ಸ್ವಲ್ಪ ಕಾಲ ಕಳಿಸುವ ಮೊತ್ತಕ್ಕೆ ಮಿತಿ ಹಾಕುತ್ತವೆ. ಬಾಡಿಗೆ ಕಟ್ಟುವ ದಿನ ಈ ಸಾಹಸ ಬೇಡ.

ಅದಕ್ಕೇ ಹೆಚ್ಚಿನವರಿಗೆ ನಾನು ಹೇಳುವುದು, ಮಾಮೂಲಿ ಆಂಡ್ರಾಯ್ಡ್ ಫೋನು, ಅದರಲ್ಲಿ ಎಫ್-ಡ್ರಾಯ್ಡ್, ಫೈರ್‌ಫಾಕ್ಸ್, ಒಂದು ಮುಕ್ತ ಕೀಬೋರ್ಡ್. ಬೂಟ್‌ಲೋಡರ್ ಮುಟ್ಟಬೇಡಿ. ಮುಟ್ಟಲೇಬೇಕು ಅನ್ನುವವರು, ಗ್ರಾಫೀನ್‌ನಲ್ಲಿ ಯಾವ ಬ್ಯಾಂಕ್ ಆ್ಯಪ್ ನಡೆಯುತ್ತದೆ ಅಂತ ಬಳಕೆದಾರರೇ ಸೇರಿಸಿಟ್ಟ ಪಟ್ಟಿ ಇದೆ, ಫೋನ್ ಕೊಳ್ಳುವ ಮುಂಚೆ ಅದನ್ನು ನೋಡಿ. ನಿಮ್ಮ ಬ್ಯಾಂಕ್ ಅದರಲ್ಲಿ ಇಲ್ಲದಿದ್ದರೆ ಐಫೋನನ್ನು ಮಾರದೆ ಇಟ್ಟುಕೊಂಡು ಪ್ರಯೋಗ ಮಾಡಿ. ಕೆಲಸ ಆಗದಿದ್ದರೆ ಪಿಕ್ಸೆಲ್‌ಗೆ ಬ್ರೌಸರ್ ಮೂಲಕವೇ ಗೂಗಲ್‌ನ ಮೂಲ ಸಿಸ್ಟಂ ವಾಪಸ್ ಹಾಕಬಹುದು. ಆಗ ಬೂಟ್‌ಲೋಡರ್ ಮತ್ತೆ ಮುಚ್ಚುವುದನ್ನು ಮರೆಯಬೇಡಿ. ತೆರೆದಿದ್ದರೆ ಮೂಲ ಸಿಸ್ಟಂ ಇದ್ದರೂ ಬ್ಯಾಂಕ್ ಆ್ಯಪ್ ತಕರಾರು ತೆಗೆಯುತ್ತದೆ.